ಸೀರಿಯಲ್ ಆರ್ಟಿಸ್ಟ್ ನಾನು, ಅಟ್ಲಾಂಟಾಗೆ ಹೋಗಿ ಮತ್ತೆ ಮೊದಲಿಂದ ಶುರು ಮಾಡೋಕಾಗುತ್ತಾ?

ಗ್ಲಿಸರಿನ್_ಬೇಡ:
ಎಲ್ರಿಗೂ ನಮಸ್ಕಾರ. ಹೆಸರು ಹೇಳಲ್ಲ, ಹೇಳಿದ್ರೆ ನಿಮ್ಮಲ್ಲಿ ಕೆಲವರ ಅಮ್ಮಂದಿರಿಗೆ ಗೊತ್ತಾಗಿಬಿಡುತ್ತೆ. ಸೀರಿಯಲ್‌ಗಳಲ್ಲಿ ಲೀಡ್ ಮಾಡಿದ್ದೆ, ನಲವತ್ತು ಹತ್ರ ಬಂದಿದ್ದೇ ತಡ ಬರೋದೆಲ್ಲ ಅತ್ತೆ ಪಾತ್ರ, ಅದೂ ನನಗಿಂತ ಸ್ವಲ್ಪನೇ ಚಿಕ್ಕೋನಾದ ಹೀರೋಗೆ ಅಮ್ಮ, ಈಗ ಅದೂ ಕಮ್ಮಿಯಾಗಿದೆ. ಅಷ್ಟರಲ್ಲಿ ಯಜಮಾನ್ರಿಗೆ ಕಂಪನಿಯವ್ರು ಅಟ್ಲಾಂಟಾಗೆ ಟ್ರಾನ್ಸ್‌ಫರ್ ಕೊಟ್ಟಿದ್ದಾರೆ. ಅಲ್ಲಿ ಸಿಕ್ಕಾಪಟ್ಟೆ ಶೂಟಿಂಗ್ ಆಗುತ್ತಂತೆ, ನೀನೂ ಟ್ರೈ ಮಾಡು ಅಂತಾರೆ. ಕೇಳೋಕೇನೋ ಚೆನ್ನಾಗಿದೆ. ಆದ್ರೆ ನಂದು ಕನ್ನಡ ಮೀಡಿಯಂ, ಇಂಗ್ಲಿಷ್ ಮಾತಾಡ್ತೀನಿ, ಡೈಲಾಗ್ ಹೇಳೋಷ್ಟು ಧೈರ್ಯ ಇಲ್ಲ. ಇಷ್ಟು ವರ್ಷ ಮಾಡಿದ್ದಕ್ಕೆ ಅಲ್ಲಿ ಏನಾದ್ರೂ ಬೆಲೆ ಇದ್ಯಾ, ಇಲ್ಲ ಸೊನ್ನೆಯಿಂದಾನಾ? ಹೋಗಿ ಮಾಡ್ದೋರು ಯಾರಾದ್ರೂ ಇದ್ರೆ ಸುಮ್ನೆ ಆಲ್ ದಿ ಬೆಸ್ಟ್ ಅನ್ನದೆ ನಿಜ ಹೇಳಿ.

ಫೈಲ್_ಪಾಪಣ್ಣ:
ಆಕ್ಟಿಂಗ್ ಆಮೇಲೆ ಮೇಡಂ, ಮೊದಲು ಯಜಮಾನ್ರ ವೀಸಾ ಯಾವ್ದು ಅಂತ ಕೇಳಿ. ಕಂಪನಿ ಒಳಗಿನ ಟ್ರಾನ್ಸ್‌ಫರ್ ಅಂದ್ರೆ ಎಲ್-1 ಇರಬಹುದು, ಹಾಗಿದ್ರೆ ನಿಮಗೆ ಎಲ್-2 ಬರುತ್ತೆ, ಅದ್ರಲ್ಲಿ ಗಂಡ ಅಥವಾ ಹೆಂಡತಿ ಬೇರೆ ವರ್ಕ್ ಪರ್ಮಿಟ್ ಇಲ್ದೇನೇ ಕೆಲಸ ಮಾಡಬಹುದು, 2021ರ ಕೊನೆಯಲ್ಲಿ ಆದ ಬದಲಾವಣೆ ಅದು. ಐ-94 (ಅಮೆರಿಕಕ್ಕೆ ಹೋದಾಗ ಕೊಡೋ ಎಂಟ್ರಿ ದಾಖಲೆ) ಮೇಲೆ ಎಲ್-2ಎಸ್ ಅಂತ ಇದ್ಯಾ ನೋಡ್ಕೊಳ್ಳಿ. ಅದೇ ಎಚ್-1ಬಿ ಆದ್ರೆ ನೀವು ಎಚ್-4, ಯಜಮಾನ್ರ ಗ್ರೀನ್ ಕಾರ್ಡ್ ಪ್ರೊಸೆಸ್‌ನಲ್ಲಿ ಐ-140 (ಕಂಪನಿ ಹಾಕೋ ಅರ್ಜಿ) ಅಪ್ರೂವ್ ಆಗೋ ತನಕ ಸಾಮಾನ್ಯವಾಗಿ ಕೆಲಸ ಮಾಡೋ ಹಾಗೇ ಇಲ್ಲ. ಒಂದು ದಿನದ ಶೂಟಿಂಗೂ ಕೆಲಸನೇ, ನೆನಪಿರಲಿ.

ಇನ್ನೊಂದು ದಾರಿ ಅಂದ್ರೆ ಓ-1, ಅವರವರ ಕ್ಷೇತ್ರದಲ್ಲಿ ಹೆಸರು ಮಾಡಿದೋರಿಗೆ ಇರೋ ವೀಸಾ, ಕಲಾವಿದರಿಗೂ ಸಿಗುತ್ತೆ, ಆದ್ರೆ ನೀವೇ ಅಪ್ಲೈ ಮಾಡೋಕಾಗಲ್ಲ, ಅಲ್ಲಿನ ನಿರ್ಮಾಪಕರೋ ಏಜೆಂಟೋ ಪಿಟಿಷನ್ ಹಾಕಬೇಕು, ಯೂನಿಯನ್ ಕಡೆಯಿಂದ ಅಭಿಪ್ರಾಯ ಪತ್ರನೂ ಬೇಕು, ಮೊದಲ ಸಲ 3 ವರ್ಷದ ತನಕ ಕೊಡ್ತಾರೆ. ನಿಮ್ಮ ಹಳೇ ಕೆಲಸಕ್ಕೆ ಬೆಲೆ ಬರೋದು ಇಲ್ಲಿ. ಪೇಪರ್ ಕಟಿಂಗ್, ಅವಾರ್ಡ್, ಕಾಂಟ್ರ್ಯಾಕ್ಟ್, ನಿಮ್ಮ ಮುಖ ಇರೋ ಪೋಸ್ಟರ್, ಒಂದನ್ನೂ ರದ್ದಿಗೆ ಹಾಕಬೇಡಿ. ಗಟ್ಟಿ ಮಾಡ್ಕೊಳ್ಳೋಕೆ ಅಲ್ಲಿನ ಇಮಿಗ್ರೇಷನ್ ಲಾಯರ್ ಹತ್ರ ಒಂದ್ಸಲ ಮಾತಾಡಿ.

ಸೈಡ್‌ವಿಂಗ್:
ನಾನು ನಾಟಕದೋನು, ಹೋಗಿ ಮಾಡಿದ್ದೀನಿ, ಈಗಲೂ ಮಾಡ್ತಿದ್ದೀನಿ. ಪಾಪಣ್ಣ ಹೇಳಿದ್ದು ಸರಿ, ಆದ್ರೆ ಆ ಕಟಿಂಗ್‌ಗಳು ವೀಸಾ ಆಫೀಸರ್‌ಗೆ ಮಾತ್ರ. ಕಾಸ್ಟಿಂಗ್‌ನೋರು ಕೇಳೋದೇ ಬೇರೆ: ಇಂಗ್ಲಿಷ್‌ನಲ್ಲಿ ಮಾಡಿರೋ ಎರಡು ನಿಮಿಷ ತೋರಿಸಿ. ಸಾವಿರ ಎಪಿಸೋಡ್ ಅಂದ್ರೆ 'ಓ, ನೈಸ್' ಅಂತಾರೆ, ಅಷ್ಟೇ.

ಆಡಿಷನ್ ಅಂದ್ರೆ ಮುಕ್ಕಾಲು ಪಾಲು ಸೆಲ್ಫ್ ಟೇಪ್. ಎರಡು ಪುಟ ಸೀನ್ ಕಳಿಸ್ತಾರೆ, ಒಂದೆರಡು ದಿನದಲ್ಲಿ ಮನೇಲೇ ಶೂಟ್ ಮಾಡಿ ವಾಪಸ್ ಕಳಿಸಬೇಕು, ಎದುರಿನ ಪಾತ್ರದ ಮಾತು ಓದೋಕೆ ಒಬ್ರು ಬೇಕು (ಯಜಮಾನ್ರು ಸಿಕ್ಕಿಹಾಕ್ಕೊಂಡ್ರು ಅಂತ ತಿಳ್ಕೊಳ್ಳಿ). ಕಳಿಸಿದ್ಮೇಲೆ ಉತ್ತರ ಬರಲ್ಲ. ಬೇಡ ಅಂತಾನೂ ಹೇಳಲ್ಲ ಮೇಡಂ, ಅದು ಮೊದಮೊದಲು ಬಹಳ ಕಾಡುತ್ತೆ, ಇಲ್ಲಿ ಮ್ಯಾನೇಜರ್‌ಗಳು ಫೋನ್ ಮಾಡಿ ಡೇಟ್ ಕೇಳ್ತಿದ್ದೋರಿಗಂತೂ ಇನ್ನೂ ಜಾಸ್ತಿ.

ಸೀರಿಯಲ್‌ನೋರು ನೀವಾದ್ರಿಂದ ಒಂದು ಹೇಳ್ಬೇಕು. ಪ್ರಾಂಪ್ಟಿಂಗ್ ಮರೆತುಬಿಡಿ. ಇಲ್ಲಿ ಅಸಿಸ್ಟೆಂಟ್ ಡೈರೆಕ್ಟರ್ ಪಕ್ಕದಲ್ಲಿ ನಿಂತು ಸಾಲು ಸಾಲು ಎತ್ತಿಕೊಡ್ತಾರೆ, ನಾವು ಕಿವಿಯಿಂದ ಬಾಯಿಗೆ ದಾಟಿಸ್ತೀವಿ. ಅಲ್ಲಿ ಲೈವ್ ಸೌಂಡ್, ಮಾತು ಶೂಟಿಂಗ್‌ನಲ್ಲೇ ರೆಕಾರ್ಡ್ ಆಗುತ್ತೆ, ಪೂರ್ತಿ ಬಾಯಿಪಾಠ ಆಗಿರ್ಬೇಕು, ಅದೂ ಎದುರಿಗಿರೋರ ಮಾತು ಕೇಳಿಸ್ಕೊಂಡು ಹೇಳಬೇಕು. ರಿಯಾಕ್ಷನ್ ಹಿಡಿದು ಕ್ಯಾಮೆರಾಗೆ ಟೈಮ್ ಕೊಡೋ ಅಭ್ಯಾಸನೂ ಬಿಡಬೇಕು, ಫ್ರೇಮ್‌ನಲ್ಲಿ ಕಣ್ಣು ಅಲುಗಾಡಿದ್ರೂ ಜಾಸ್ತಿ ಅನ್ನಿಸುತ್ತೆ. ಆದ್ರೆ ನಿಮ್ಮ ಹತ್ರ ಇರೋದು ಅಲ್ಲಿ ಬಹಳ ಜನರ ಹತ್ರ ಇಲ್ಲ: ದಿನಕ್ಕೆ ಅಷ್ಟೊಂದು ಸೀನ್ ಮಾಡಿ ಪಳಗಿದ್ದೀರಿ, ನಿಲ್ಲಬೇಕಾದ ಜಾಗದ ಮಾರ್ಕ್ ತಪ್ಪಲ್ಲ, ಲೈಟ್ ಎಲ್ಲಿದೆ ಅಂತ ನೋಡದೇನೇ ಗೊತ್ತಾಗುತ್ತೆ.

ಅಟ್ಲಾಂಟಾ ಒಳ್ಳೇದೇ. ಅಟ್ಲಾಂಟಾ ಇರೋ ಜಾರ್ಜಿಯಾ ರಾಜ್ಯ 2008ರಿಂದ ನಿರ್ಮಾಪಕರಿಗೆ ಖರ್ಚಿನ ಶೇ. 30ರ ತನಕ ಟ್ಯಾಕ್ಸ್ ಕ್ರೆಡಿಟ್ (ತೆರಿಗೆ ರಿಯಾಯಿತಿ) ಕೊಡ್ತಿರೋದಕ್ಕೆ ಶೂಟಿಂಗ್ ಅಲ್ಲಿಗೆ ಬಂದಿದ್ದು. ಆದ್ರೆ ದೊಡ್ಡ ಪಾತ್ರಕ್ಕೆ ಹೆಚ್ಚಾಗಿ ಲಾಸ್ ಏಂಜಲೀಸ್, ನ್ಯೂಯಾರ್ಕ್‌ನಿಂದಾನೇ ಆರಿಸ್ತಾರೆ, ಲೋಕಲ್‌ನೋರಿಗೆ ಒಂದು ದಿನದ್ದು, ನಾಲ್ಕು ಸಾಲಿನದ್ದು. ನರ್ಸ್, ಡಾಕ್ಟರ್, ಪಕ್ಕದ ಮನೆಯೋರು. ಮತ್ತೆ ಬೇಜಾರು ಮಾಡ್ಕೋಬೇಡಿ, ಅತ್ತೆ ಪಾತ್ರ ಸಾಕಾಯ್ತು ಅಂತ ಹೊರಟಿದ್ದೀರಿ, ಅಲ್ಲಿ ನಿಮಗೆ ಮೊದಲು ಬರೋದೂ ಯಾರದ್ದೋ ಅಮ್ಮನ ಪಾತ್ರನೇ. ಡಯಲೆಕ್ಟ್ ಕೋಚ್ (ಉಚ್ಚಾರಣೆ ಕಲಿಸೋರು) ಹತ್ರ ಈಗಲೇ ಕ್ಲಾಸ್ ಶುರು ಮಾಡಿ.

ಹಳೇ_ರೀಲು:
ಕೋಚ್ ವಿಷಯಕ್ಕೆ ನಂದೊಂದು ತಕರಾರು. ಉಚ್ಚಾರಣೆ ತೊಳೆದುಹಾಕಿದ್ರೆ ಉಳಿಯೋದೇನು? ಬೇಲಾ ಲುಗೋಸಿ ಹಂಗೇರಿಯ ರಂಗಭೂಮಿಯೋನು, 1919ರಲ್ಲಿ ದೇಶ ಬಿಟ್ಟ, ಅಮೆರಿಕದಲ್ಲಿ ಶುರುವಿನಲ್ಲಿ ಇಂಗ್ಲಿಷ್ ಮಾತುಗಳನ್ನ ಬರೀ ಸದ್ದು ಹಿಡಿದು ಬಾಯಿಪಾಠ ಮಾಡ್ತಿದ್ನಂತೆ. ಆ ಉಚ್ಚಾರಣೆನೇ ಅವನಿಗೆ 1927ರಲ್ಲಿ ನ್ಯೂಯಾರ್ಕ್ ನಾಟಕರಂಗ ಬ್ರಾಡ್‌ವೇಲಿ ಡ್ರಾಕುಲಾ ಪಾತ್ರ ತಂದುಕೊಡ್ತು, 1931ರಲ್ಲಿ ಸಿನಿಮಾನೂ ಅವನೇ.

ವಯಸ್ಸಿನ ಬಗ್ಗೆ ಚಿಂತೆ ಬಿಡಿ, ಅನುಪಮ್ ಖೇರ್ 2018ರಲ್ಲಿ ನ್ಯೂಯಾರ್ಕ್‌ನ ಟಿವಿ ಸೀರೀಸ್‌ಗೆ ಹೋದಾಗ ಅರವತ್ತು ದಾಟಿತ್ತು, ಅವರೂ ಅಲ್ಲಿ ಡಾಕ್ಟರೇ.

ಸೈಡ್‌ವಿಂಗ್:
ಲುಗೋಸಿ ಕಥೆ ಅರ್ಧಕ್ಕೆ ನಿಲ್ಲಿಸಿದ್ರಿ ರೀಲು ಸಾರ್. ಆಮೇಲೆ ಸಾಯೋ ತನಕ ರಕ್ತ ಹೀರುವ ಪಾತ್ರ, ಹುಚ್ಚು ವಿಜ್ಞಾನಿ ಪಾತ್ರ ಬಿಟ್ರೆ ಇನ್ನೇನು ಸಿಕ್ತು ಅವನಿಗೆ? ಕಾನ್ರಾಡ್ ವೈಟ್ ಇನ್ನೂ ವಿಚಿತ್ರ, ನಾಜಿಗಳಿಂದಾಗಿ ಜರ್ಮನಿ ಬಿಟ್ಟೋನು, ಹಾಲಿವುಡ್‌ನಲ್ಲಿ ನಾಜಿ ಮೇಜರ್ ಆಗಿ ನಿಂತ. ಉಚ್ಚಾರಣೆ ತೊಳೀರಿ ಅಂತ ನಾನು ಹೇಳ್ತಿಲ್ಲ, ಬೇಕಾದಾಗ ಹಾಕಿ ಬೇಕಾದಾಗ ತೆಗೆಯೋಕೆ ಬರ್ಬೇಕು ಅಂತಿದ್ದೀನಿ. ಬ್ರಿಟಿಷ್ ನಟ ಹ್ಯೂ ಲಾರಿ ನಮೀಬಿಯಾದಲ್ಲಿ ಹೋಟೆಲ್ ಬಾತ್‌ರೂಮ್‌ನಲ್ಲಿ ನಿಂತು ಆಡಿಷನ್ ಟೇಪ್ ಮಾಡಿ ಕಳಿಸ್ದಾಗ ನೋಡ್ದೋರು ಅಮೆರಿಕದವನೇ ಅಂದ್ಕೊಂಡ್ರು. ಇದ್ರಿಸ್ ಎಲ್ಬಾ ಲಂಡನ್ ಬಿಟ್ಟು ನ್ಯೂಯಾರ್ಕ್‌ಗೆ ಬಂದು ಕಾಮಿಡಿ ಕ್ಲಬ್ ಬಾಗಿಲು ಕಾಯ್ತಾ ಆಡಿಷನ್ ಕೊಟ್ಟಿದ್ದು, 2002ರ ತನಕ ಹೇಳ್ಕೊಳ್ಳೋ ಅಂಥ ಪಾತ್ರ ಸಿಗ್ಲಿಲ್ಲ ಅಲ್ಲಿ.

ಗ್ಲಿಸರಿನ್_ಬೇಡ:
ಎಲ್ರಿಗೂ ಥ್ಯಾಂಕ್ಸ್. ಕೇಳ್ದೆ, ಎಲ್-1 ಅಂತೆ, ಅಷ್ಟು ಸಮಾಧಾನ. ಪ್ರಾಂಪ್ಟಿಂಗ್ ಮಾತಿಗೆ ಮಾತ್ರ ಎದೆ ಧಸಕ್ ಅಂತು, ನಿನ್ನೆ ಒಂದು ಪುಟ ಇಂಗ್ಲಿಷ್ ಡೈಲಾಗ್ ಬಾಯಿಪಾಠ ಮಾಡೋಕೆ ಕೂತು ಅರ್ಧ ದಿನ ಹೋಯ್ತು ಆದ್ರೆ ಮಜಾ ಬಂತು, ಎಷ್ಟೋ ದಿನ ಆಗಿತ್ತು ಹಾಗೆ ಕೂತು. ಇನ್ನೊಂದು ಕೇಳ್ಬೇಕು. ಆನ್‌ಲೈನ್‌ನಲ್ಲಿ ಒಬ್ರು ಏಜೆಂಟ್ ಸಿಕ್ಕಿದ್ದಾರೆ, ರಿಜಿಸ್ಟ್ರೇಷನ್ ಮತ್ತೆ ಫೋಟೋಶೂಟ್‌ಗೆ ಮೊದಲೇ ದುಡ್ಡು ಕಟ್ಟಿ, ಪಾತ್ರ ಗ್ಯಾರಂಟಿ ಅಂತಿದ್ದಾರೆ, ಕಟ್ಲಾ?

ಸೈಡ್‌ವಿಂಗ್:
ಖಂಡಿತ ಬೇಡ. ನಿಜವಾದ ಏಜೆಂಟ್ ನಿಮಗೆ ಕೆಲಸ ಸಿಕ್ಕಿ ದುಡ್ಡು ಬಂದ್ಮೇಲೆ ಅದರಲ್ಲಿ ಸಾಮಾನ್ಯವಾಗಿ ಶೇ. 10 ತಗೋತಾನೆ, ಮೊದಲೇ ಕೈ ಚಾಚಲ್ಲ, ಪಾತ್ರ ಗ್ಯಾರಂಟಿ ಅಂತೂ ಯಾರೂ ಕೊಡೋಕಾಗಲ್ಲ. ಹೆಡ್‌ಶಾಟ್ (ಆಡಿಷನ್‌ಗೆ ಕೊಡೋ ಮುಖದ ಫೋಟೋ) ನಿಮಗೆ ಬೇಕಾದ ಫೋಟೋಗ್ರಾಫರ್ ಹತ್ರ ತೆಗೆಸ್ಕೊಳ್ಳಿ, ಅದೂ ಅಲ್ಲಿಗೆ ಹೋದ್ಮೇಲೆ, ಸೀರೆ ಪೋರ್ಟ್‌ಫೋಲಿಯೋ ಅಲ್ಲಿ ನಡೆಯಲ್ಲ. ಮೊದಲ ವರ್ಷ ಫಿಲ್ಮ್ ಸ್ಕೂಲ್ ಹುಡುಗ್ರ ಶಾರ್ಟ್ ಫಿಲ್ಮ್‌ಗಳಲ್ಲಿ ಮಾಡಿ, ದುಡ್ಡು ಅಷ್ಟಕ್ಕಷ್ಟೇ ಆದ್ರೂ ಇಂಗ್ಲಿಷ್ ರೀಲ್ (ನಿಮ್ಮ ನಟನೆಯ ತುಣುಕುಗಳ ವಿಡಿಯೋ) ಕೈಗೆ ಬರುತ್ತೆ, ಏಜೆಂಟ್‌ಗೆ ತೋರಿಸೋಕೆ ಅದೇ ಸಾಕು.

ಫೈಲ್_ಪಾಪಣ್ಣ:
ಆ ಏಜೆಂಟ್‌ಗೆ ಪಾಸ್‌ಪೋರ್ಟ್ ಕಾಪಿ ಏನಾದ್ರೂ ಕಳಿಸಿದ್ದೀರಾ ಮೇಡಂ? ಇಲ್ಲ ಅಂತ ಹೇಳಿ ದಯವಿಟ್ಟು.