ಒಂದು ಚಮಚ ಎಂದರೆ ಯಾವ ಚಮಚ? ಫೋರ್ಕಿಗಿರುವುದು ಮುಳ್ಳೋ, ಹಲ್ಲೋ?

ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ಧಾರವಾಡದ ಒಂದು ವಸತಿನಿಲಯದ ಊಟದ ಕೋಣೆಯಲ್ಲಿ ಹಚ್ಚಲು ಒಂದು ಪುಟದ ಕನ್ನಡ ಸೂಚನೆ ಬರೆಯಬೇಕಾಗಿದೆ. ಸಂದರ್ಶನ ಮುಗಿದ ಮೇಲೆ ಕಂಪನಿಯವರು ಊಟಕ್ಕೆ ಕೂಡಿಸಿದಾಗ ಹುಡುಗರು ಚಾಕು, ಫೋರ್ಕು ಕಂಡು ಗಾಬರಿಯಾಗಬಾರದು ಎಂಬುದು ಉದ್ದೇಶ. ಇಂಗ್ಲಿಷಿನಿಂದ ಮಾಡಿದ ಕರಡಿನಲ್ಲಿ ‘ಮುಳ್ಳುಚಮಚದ ಮುಳ್ಳುಗಳು ಕೆಳಮುಖವಾಗಿರಲಿ’, ‘ಚೂರಿಯ ಅಂಚು ಒಳಮುಖವಾಗಿರಲಿ’, ‘ವಿಶ್ರಾಂತ ಸ್ಥಿತಿ’, ‘ಒಂದು ಮೇಜುಚಮಚ’ ಎಂದೆಲ್ಲ ಬಂದಿದೆ. ಓದಿದವರು ಚಮಚಕ್ಕೆ ಮುಳ್ಳೆಲ್ಲಿ ಎಂದು ಕೇಳುತ್ತಿದ್ದಾರೆ. ಫೋರ್ಕಿಗೆ ನಮ್ಮ ಭಾಗದಲ್ಲಿ ಬಳಕೆಯ ಹೆಸರು ಯಾವುದು? ಅದರ ತುದಿಗೆ ಏನನ್ನಬೇಕು? ಟೇಬಲ್ ಸ್ಪೂನ್, ಟೀ ಸ್ಪೂನ್ ಅಳತೆಗಳನ್ನು ಹೇಗೆ ಬರೆಯುವುದು? ನೀಡುವ ಚಮಚಕ್ಕೂ ಬಾಯಿಗಿಡುವ ಚಮಚಕ್ಕೂ ಬೇರೆ ಹೆಸರುಂಟೇ? ಹಾಳೆಯ ಕೊನೆಗೆ ಚಮಚ ಕೊಳ್ಳುವವರಿಗೂ ತೊಳೆಯುವವರಿಗೂ ನಾಲ್ಕು ಸಾಲು ಸೇರಿಸುವುದಿದೆ. ಸ್ಟೀಲಿನ ವಿಷಯ ಬಲ್ಲವರು ಅದನ್ನೂ ತಿಳಿಸಬೇಕು.

ಮೊದಲ ಉತ್ತರ:

ಕರಡು ಕೆಟ್ಟಿರುವುದು ಇಂಗ್ಲಿಷ್ ಹೆಸರಿನಿಂದ ಹೊರಟದ್ದಕ್ಕೆ. ಸಾಮಾನು ಮಾಡುವ ಕೆಲಸದಿಂದ ಹೊರಡಿ, ಮಾತು ತಾನಾಗಿ ಬರುತ್ತದೆ. ನಮ್ಮ ಅಡುಗೆಮನೆಗಳಲ್ಲಿ ಒಂದೊಂದು ಕೆಲಸಕ್ಕೆ ಒಂದೊಂದು ಹೆಸರಿದೆ: ಸಾರು ತೋಡಲು ಸೌಟು, ಭಜಿ ಕರಿದು ಎಣ್ಣೆ ಸೋರಿಸಿ ಎತ್ತಲು ಝಾರಿ, ರೊಟ್ಟಿಯನ್ನು ಕೆಂಡದ ಮೇಲೆ ಹೊರಳಿಸಲು ಚಿಮಟಾ, ತೀರ್ಥ ಕೊಡಲು ಉದ್ಧರಣೆ, ಕೂಸಿಗೆ ಹಾಲು ಹಾಕಲು ಒಳಲೆ. ಚಮಚ ಒಂದೇ ಎಲ್ಲ ಕೆಲಸಕ್ಕೂ ಹೋಗುವ ಪದ. ಆದ್ದರಿಂದ ಅದರ ಮುಂದೆ ಕೆಲಸದ ಹೆಸರು ಇರಲೇಬೇಕು: ಊಟದ ಚಮಚ, ಚಹಾದ ಚಮಚ, ನೀಡುವ ಚಮಚ. ಇಲ್ಲಿಯ ಮಾತಿನಲ್ಲಿ ಅದು ‘ಚಮಚಾ’ ಎಂದು ದೀರ್ಘವಾಗುತ್ತದೆ. ಹಿಂಬಾಲಕ ಎಂಬ ಬೈಗುಳಕ್ಕೂ ಅದೇ ರೂಪ. ಹಾಳೆಯಲ್ಲಿ ‘ಚಮಚ’ ಎಂದೇ ಬರೆಯಿರಿ.

ಫೋರ್ಕನ್ನು ಫೋರ್ಕ್ ಎಂದೇ ಬಿಡಿ. ಹುಬ್ಬಳ್ಳಿ ದುರ್ಗದಬೈಲ್ ಸುತ್ತಿನ ಭಾಂಡೆ ಅಂಗಡಿಯಲ್ಲಿ ಆ ಹೆಸರಿಗೆ ಸಾಮಾನು ಸಿಗುತ್ತದೆ, ‘ಮುಳ್ಳುಚಮಚ’ ಎಂದರೆ ಎರಡು ಸಲ ಹೇಳಬೇಕಾಗುತ್ತದೆ. ಪಠ್ಯಪುಸ್ತಕದ ಆ ಪದ ತಪ್ಪೇನಲ್ಲ, ಆದರೆ ಚಮಚ ತೋಡುವ ಸಾಮಾನು, ಫೋರ್ಕ್ ಚುಚ್ಚುವ ಸಾಮಾನು. ಎರಡನ್ನೂ ಒಂದೇ ಹೆಸರಿನ ಕೆಳಗೆ ತಂದರೆ ಹಿಡಿಯುವ ರೀತಿ ಕಲಿಸುವಾಗ ತೊಡಕಾಗುತ್ತದೆ. ಹಿಂದಿಯ ‘ಕಾಂಟಾ’, ಮರಾಠಿಯ ‘ಕಾಟಾ’ ನಮಗೆ ಒಗ್ಗುವುದಿಲ್ಲ. ಅಮರಗೋಳದ ಎಪಿಎಂಸಿಯಲ್ಲಾಗಲಿ ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಾಗಲಿ ಕಾಟಾ ಎಂದರೆ ತೂಕದ ಯಂತ್ರ.

ತುದಿಗೆ ಮಾತ್ರ ಕನ್ನಡದ ಒಳ್ಳೆಯ ಪದವಿದೆ, ಹಲ್ಲು. ಹಣಿಗೆಗೂ ಗರಗಸಕ್ಕೂ ಇರುವುದು ಹಲ್ಲೇ. ಸಾಲಾಗಿ, ಸಮನಾಗಿ, ನಡುವೆ ಸಂದು ಬಿಟ್ಟು ನಿಂತದ್ದು ಹಲ್ಲು. ಒಂಟಿಯಾಗಿ ಮೊನಚಾಗಿ ಚಾಚಿದ್ದು ಮುಳ್ಳು. ಊಟದ ಫೋರ್ಕಿಗೆ ಸಾಮಾನ್ಯವಾಗಿ ನಾಲ್ಕು ಹಲ್ಲು, ಕೇಕಿನ ಫೋರ್ಕಿಗೆ ಹೆಚ್ಚಾಗಿ ಮೂರು. ಹಲ್ಲು ಬಾಗಿರುವುದರಿಂದ ಫೋರ್ಕಿಗೆ ಹೊಟ್ಟೆ, ಬೆನ್ನು ಎರಡೂ ಇವೆ. ತಗ್ಗಾದ ಕಡೆ ಹೊಟ್ಟೆ, ಉಬ್ಬಿದ ಕಡೆ ಬೆನ್ನು. ‘ಕೆಳಮುಖ’ ಎಂದು ಬರೆಯುವ ಕಡೆ ‘ಬೆನ್ನು ಮೇಲೆ, ಹಲ್ಲು ತಾಟಿನ ಕಡೆ’ ಎಂದು ಬರೆದರೆ ಚಿತ್ರವಿಲ್ಲದೆ ತಿಳಿಯುತ್ತದೆ.

‘ಚೂರಿಯ ಅಂಚು’ ಎರಡು ಕಾರಣಕ್ಕೆ ಬೇಡ. ಚೂರಿ ಎಂದರೆ ನಮಗೆ ಇರಿಯುವ ಆಯುಧ ನೆನಪಾಗುತ್ತದೆ. ಅಂಚು ತಾಟಿಗೂ ಇದೆ, ಆದ್ದರಿಂದ ‘ಅಂಚು ಒಳಮುಖ’ ಎಂದರೆ ಯಾವುದರ ಅಂಚು ಎಂಬ ಗೊಂದಲ. ಊಟದ ಚಾಕು ಎನ್ನಿ. ಅದರ ಭಾಗಗಳಿಗೆ ಪದ ಹುಡುಕುವ ಕೆಲಸವೇ ಇಲ್ಲ: ಹಿಡಿಕೆ, ಅಲಗು, ಅಲಗಿನ ಕೊಯ್ಯುವ ಬದಿ ಬಾಯಿ, ಎದುರು ಬದಿ ಬೆನ್ನು. ‘ಚಾಕುವಿನ ಬಾಯಿ ತಾಟಿನ ಕಡೆ ಇರಲಿ’ ಎಂದರೆ ಮುಗಿಯಿತು.

ಹಿಡಿಯುವ ಕ್ರಮವನ್ನು ಹೀಗೆ ಬರೆಯಬಹುದು: ‘ಚಾಕು ಬಲಗೈಯಲ್ಲಿ, ಫೋರ್ಕ್ ಎಡಗೈಯಲ್ಲಿ. ಎರಡರ ಹಿಡಿಕೆಯ ತುದಿಯೂ ಅಂಗೈಯೊಳಗೆ ಇರಲಿ. ತೋರುಬೆರಳು ಚಾಕುವಿನ ಬೆನ್ನಿನ ಬುಡದ ಮೇಲೆ, ಫೋರ್ಕಿನ ಕುತ್ತಿಗೆಯ ಮೇಲೆ. ಫೋರ್ಕಿನಿಂದ ಚುಚ್ಚಿ ಅಲುಗಾಡದಂತೆ ಹಿಡಿದು, ಹಲ್ಲಿಗೆ ಹತ್ತಿಕೊಂಡಂತೆ ಕೊಯ್ಯಿರಿ. ಒಂದು ತುತ್ತಿಗೆ ಬೇಕಾದಷ್ಟೇ ಕೊಯ್ಯಿರಿ.’ ಹಲ್ಲಿನಿಂದ ದೂರ ಕೊಯ್ದರೆ ತುಂಡು ತಿರುಗಿ ಜಾರುತ್ತದೆ; ಹೊಸಬರ ತಾಟಿನಿಂದ ಪನೀರು, ಕೋಳಿ ಹಾರುವುದು ಇದರಿಂದಲೇ. ಒತ್ತಿ ಕೊಯ್ಯುವುದೂ ತಪ್ಪು. ಊಟದ ಚಾಕುವಿನ ಬಾಯಿಗೆ ಸಣ್ಣ ಗರಗಸದ ಹಲ್ಲಿರುತ್ತದೆ, ಅದು ಹಿಂದೆ ಮುಂದೆ ಎಳೆದರೆ ಮಾತ್ರ ಕೊಯ್ಯುತ್ತದೆ.

ಇಲ್ಲಿ ಎಡಗೈ ಪ್ರಶ್ನೆ ಬಂದೇ ಬರುತ್ತದೆ. ಎಡಗೈಯಿಂದ ತುತ್ತು ಬಾಯಿಗೆ ಒಯ್ಯುವುದು ನಮ್ಮಲ್ಲಿ ಅನೇಕರಿಗೆ ಒಪ್ಪುವುದಿಲ್ಲ, ಅವರನ್ನು ಹಳಬರೆಂದು ತಳ್ಳಿಹಾಕುವುದು ಸರಿಯಲ್ಲ. ಮೇಲಿನದು ಯುರೋಪಿನ ಕ್ರಮ. ಅಮೆರಿಕದ ಕ್ರಮದಲ್ಲಿ ಕೊಯ್ದಾದ ಮೇಲೆ ಚಾಕುವನ್ನು ತಾಟಿನ ಮೇಲ್ಭಾಗದ ಅಂಚಿನ ಮೇಲೆ ಬಾಯಿ ಒಳಗೆ ಮಾಡಿ ಇಟ್ಟು, ಫೋರ್ಕನ್ನು ಬಲಗೈಗೆ ತೆಗೆದುಕೊಂಡು, ಹೊಟ್ಟೆ ಮೇಲೆ ಮಾಡಿ ತಿನ್ನುತ್ತಾರೆ. ಅದೂ ಪೂರ್ತಿ ಒಪ್ಪಿತವಾದ ಶಿಸ್ತು. ಹಾಳೆಯಲ್ಲಿ ಎರಡನ್ನೂ ಕೊಡಿ. ಯಾರೂ ತಮ್ಮ ರೂಢಿ ಬಿಟ್ಟು ನಾಚಬೇಕಾಗಿಲ್ಲ.

‘ವಿಶ್ರಾಂತ ಸ್ಥಿತಿ’ ಎಂಬುದನ್ನು ತೆಗೆದುಹಾಕಿ. ಅದು ನೀಡುವವರಿಗೆ ಕೊಡುವ ಸನ್ನೆ, ಆದ್ದರಿಂದ ಊಟ ಮಾಡುವವರು ಹೇಳುವ ಮಾತಿನಲ್ಲೇ ಬರೆಯಿರಿ: ‘ಊಟ ನಡೆದಿದೆ’ ಮತ್ತು ‘ಊಟ ಆಯಿತು’. ತಾಟನ್ನು ಗಡಿಯಾರ ಎಂದುಕೊಂಡರೆ, ಊಟ ನಡೆದಿರುವಾಗ ಫೋರ್ಕಿನ ಹಿಡಿಕೆ 8ರ ಕಡೆ, ಚಾಕುವಿನ ಹಿಡಿಕೆ 4ರ ಕಡೆ, ತುದಿಗಳು ತಾಟಿನ ನಡುವೆ ಒಂದರ ಹತ್ತಿರ ಒಂದು. ಆದ ಮೇಲೆ ಎರಡರ ಹಿಡಿಕೆಯೂ 4ರ ಕಡೆ, ಜೋಡಿಯಾಗಿ, ಚಾಕುವಿನ ಬಾಯಿ ಫೋರ್ಕಿನ ಕಡೆ. ನಮ್ಮಲ್ಲಿ ಎಲೆ ಮಡಚುವುದು ಮಾಡುವ ಕೆಲಸವನ್ನೇ ಇದು ಮಾಡುತ್ತದೆ. ಒಮ್ಮೆ ಬಳಸಿದ ಚಾಕು, ಫೋರ್ಕನ್ನು ಮೇಜಿನ ಬಟ್ಟೆಯ ಮೇಲೆ ಮತ್ತೆ ಇಡಬಾರದು. ಹಿಡಿಕೆ ಮೇಜಿಗೆ, ತುದಿ ತಾಟಿಗೆ ಎಂದು ಸೇತುವೆ ಕಟ್ಟುವುದೂ ಬೇಡ, ಕೈ ತಾಗಿದರೆ ಬೀಳುತ್ತದೆ.

ನೀಡುವ ಚಮಚದ ಪ್ರಶ್ನೆಗೆ ಇಂಗ್ಲಿಷಿಗಿಂತ ಕನ್ನಡದಲ್ಲೇ ಸುಲಭ ಉತ್ತರವಿದೆ, ಏಕೆಂದರೆ ಎಂಜಲು ಎಂಬ ಪದ ನಮ್ಮ ಹತ್ತಿರ ಇದೆ. ‘ನೀಡುವ ಚಮಚ ಎಂಜಲಾಗಬಾರದು’ ಎಂಬ ಮೂರು ಪದಕ್ಕೆ ಬೇರೆ ವಿವರಣೆ ಬೇಡ. ಮೈಸೂರು ಕಡೆಯ ‘ಬಡಿಸುವ’ ಪದವೂ ತಿಳಿಯುತ್ತದೆ, ಆದರೆ ಧಾರವಾಡದ ಗೋಡೆಯ ಮೇಲೆ ‘ನೀಡು’ ಇರಬೇಕು. ಕೈಯಿಂದ ಉಣ್ಣುವಾಗ ಬಲಗೈ ಎಂಜಲಾಗಿರುತ್ತದೆ ಎಂದು ನೀಡುವ ಚಮಚವನ್ನು ಎಡಗೈಯಿಂದ ಹಿಡಿಯುತ್ತೇವಲ್ಲ, ಅದು ಸರಿಯೆಂದೇ ಬರೆಯಿರಿ.

ಕೈಯಿಂದ ತಿನ್ನುವುದು ಯಾವುದು ಎಂಬುದೂ ಹಾಳೆಯಲ್ಲಿರಲಿ. ಖಡಕ್ ರೊಟ್ಟಿಯನ್ನು ಚಾಕುವಿನಿಂದ ಕೊಯ್ಯಲು ಹೋದರೆ ಪುಡಿಯಾಗಿ ಸಿಡಿಯುತ್ತದೆ. ಜೋಳದ ಹಿಟ್ಟಿನಲ್ಲಿ ಗೋಧಿಯಲ್ಲಿರುವ ಗ್ಲುಟೆನ್ ಇಲ್ಲ, ಒಣಗಿದ ಮೇಲೆ ಎಳೆದು ಹಿಡಿಯುವ ಅಂಟು ಇರುವುದಿಲ್ಲ. ಅದನ್ನು ಮುರಿದು ಎಣಗಾಯಿ ಹಚ್ಚಿಕೊಂಡು ತಿನ್ನಬೇಕು. ಗಿರ್ಮಿಟ್ ಚಮಚದ ತಿಂಡಿ, ಫೋರ್ಕಿನ ಹಲ್ಲಿನ ಸಂದಿನಲ್ಲಿ ಚುರುಮುರಿ ಉದುರುತ್ತದೆ. ಗೋಬಿ ಮಂಚೂರಿಗೆ ಫೋರ್ಕ್ ಸರಿ. ಗಾಡಿಗಳಲ್ಲಿ ಕೊಡುತ್ತಿದ್ದ ಬಿಸಾಡುವ ಪ್ಲಾಸ್ಟಿಕ್ ಫೋರ್ಕ್, ಚಮಚ, ಚಾಕುಗಳನ್ನು ದೇಶದಲ್ಲಿ 2022ರ ಜುಲೈ 1ರಿಂದ ನಿಷೇಧಿಸಲಾಗಿದೆ. ಈಗ ಕಾಣುವುದು ಕಟಗಿ ಚಮಚ, ಹಾಳೆಯಲ್ಲಿ ‘ಮರದ’ ಎಂಬುದಕ್ಕಿಂತ ಆ ಪದವೇ ಒಳ್ಳೆಯದು.

ಉಳಿದದ್ದು ಅಳತೆ. ಇದರಲ್ಲಿ ನಾನು ಹಟ ಹಿಡಿಯುತ್ತೇನೆ: ‘ಮೇಜುಚಮಚ’ ಬೇಡ, ಬರೇ ‘ಒಂದು ಚಮಚ’ವೂ ಬೇಡ. ಟೀ ಸ್ಪೂನ್ 5 ಮಿಲೀ, ಡೆಸರ್ಟ್ ಸ್ಪೂನ್ 10 ಮಿಲೀ, ಟೇಬಲ್ ಸ್ಪೂನ್ 15 ಮಿಲೀ; ಆಸ್ಟ್ರೇಲಿಯಾದ ಅಡುಗೆ ಬರಹಗಳಲ್ಲಿ ಟೇಬಲ್ ಸ್ಪೂನ್ 20 ಮಿಲೀ. ಅಡುಗೆಯಲ್ಲಿ ಈ ಗೊಂದಲದಿಂದ ಉಪ್ಪು ಹೆಚ್ಚಾಗುತ್ತದೆ, ಔಷಧಿಯಲ್ಲಿ ಜೀವಕ್ಕೆ ಬರುತ್ತದೆ. ಮಕ್ಕಳ ಪ್ಯಾರಾಸಿಟಮಾಲ್ ಸಿರಪ್ಪು 5 ಮಿಲೀಗೆ 125 ಮಿಗ್ರಾಂ ಇರುವುದೂ ಸಿಗುತ್ತದೆ, 250 ಮಿಗ್ರಾಂ ಇರುವುದೂ ಸಿಗುತ್ತದೆ. ಎರಡನೆಯದರಲ್ಲಿ 5 ಮಿಲೀ ಕೊಡುವಲ್ಲಿ ದೊಡ್ಡ ಚಮಚದಿಂದ 15 ಮಿಲೀ ಹೋದರೆ 250ರ ಬದಲು 750 ಮಿಗ್ರಾಂ. ಔಷಧಿಯ ಮಾತು ಬಂದಲ್ಲಿ ಚಮಚ ಪದವನ್ನೇ ಬಿಟ್ಟು ಮಿಲೀ ಬರೆಯಿರಿ, ಬಾಟಲಿಯ ಜೊತೆ ಬಂದ ಗೆರೆ ಹಾಕಿದ ಮುಚ್ಚಳದಿಂದ ಅಳೆಯಲು ಹೇಳಿ. ಅಡುಗೆಯಲ್ಲಿ ‘ಚಹಾ ಚಮಚ (5 ಮಿಲೀ)’, ‘ದೊಡ್ಡ ಚಮಚ (15 ಮಿಲೀ)’ ಎಂದು ಅಂಕೆ ಸೇರಿಸಿದರೆ ಸಾಕು, ಜೊತೆಗೆ ‘ತಲೆ ಸವರಿ’ ಎಂದಿರಲಿ. ರಾಶಿ ಬಂದ ಚಮಚದಲ್ಲಿ ಪುಡಿ ಎಷ್ಟು ಹಿಡಿಯುತ್ತದೆ ಎಂಬುದಕ್ಕೆ ಲೆಕ್ಕವೇ ಇಲ್ಲ. ಮನೆಯ ಚಮಚ ಎಷ್ಟು ಮಿಲೀ ಎಂದು ತಿಳಿಯಲು ಸೂಜಿ ತೆಗೆದ 10 ಮಿಲೀ ಸಿರಿಂಜಿನಿಂದ ಅದರಲ್ಲಿ ನೀರು ತುಂಬಿ ನೋಡಬಹುದು.

ಎರಡನೆಯ ಉತ್ತರ:

ಮೇಲಿನವರು ಹೇಳಿದ ‘ಹಲ್ಲು’ ಅಂಗಡಿಯವರಿಗೂ ತಿಳಿಯುವ ಮಾತುರೀ, ಅದನ್ನೇ ಇಡ್ರಿ. ಕೊಳ್ಳುವವರ ಸಾಲುಗಳಿಗೆ ಬೇಕಾದ್ದಷ್ಟೇ ಬರೆಯುತ್ತೇನೆ.

ಚಮಚದ ಬೆನ್ನ ಮೇಲೆ 18/8, 18/10, 18/0 ಎಂದು ಕೆತ್ತಿರುತ್ತದೆ. ಮೊದಲ ಅಂಕೆ ಕ್ರೋಮಿಯಂ ಶೇಕಡಾ ಎಷ್ಟು ಎಂಬುದು, ಎರಡನೆಯದು ನಿಕ್ಕಲ್. ಕ್ರೋಮಿಯಂ ಜಂಗು ತಡೆಯುತ್ತದೆ, ನಿಕ್ಕಲ್ ಹೊಳಪನ್ನೂ ಉಪ್ಪು ಹುಳಿ ತಾಳುವ ಶಕ್ತಿಯನ್ನೂ ಕೊಡುತ್ತದೆ. 304 ಎಂದು ಕರೆಯುವ ಸ್ಟೀಲ್ ಈ 18/8ರ ವರ್ಗದ್ದು, 430 ಎಂಬುದು ನಿಕ್ಕಲ್ ಇಲ್ಲದ 18/0ರ ವರ್ಗದ್ದು.

ಅಂಗಡಿಯಲ್ಲಿ ಅಯಸ್ಕಾಂತ ಹಿಡಿದು ‘ಹತ್ತಲಿಲ್ಲ, ಅಸಲಿ’ ಎನ್ನುವ ರೂಢಿ ಅರ್ಧ ಮಾತ್ರ ಸರಿ. ಹತ್ತಿದರೆ 18/0 ಇರಬಹುದು. ಹತ್ತದಿದ್ದರೆ 304 ಎಂದು ಹೇಳಲಾಗದು. ನಿಕ್ಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ಸೇರಿಸಿದ 201, 202 ಕೂಡ ಹತ್ತುವುದಿಲ್ಲ. ಮೇಲಾಗಿ 304ರ ಚಮಚವನ್ನೇ ತಣ್ಣಗೆ ಬಡಿದು ಬಾಗಿಸಿದಲ್ಲಿ ತುಸು ಹತ್ತಬಹುದು. ಕೆತ್ತಿದ ಅಂಕೆ ಇರುವುದನ್ನು ಬಿಲ್ಲಿನ ಮೇಲೆ ಬರೆಸಿಕೊಂಡು ಕೊಳ್ಳುವುದೇ ದಾರಿ. ಫೋರ್ಕ್ ಕೊಳ್ಳುವಾಗ ಹಲ್ಲಿನ ನಡುವಿನ ಸಂದಿನಲ್ಲಿ ಬೆರಳ ತುದಿ ಆಡಿಸಿ ನೋಡಿರಿ. ಅಗ್ಗದ್ದರಲ್ಲಿ ಸಂದು ನುಣುಪಾಗಿ ಉಜ್ಜಿರುವುದಿಲ್ಲ, ತುಟಿಗೆ ಗೀರುತ್ತದೆ, ಅನ್ನ ಅಲ್ಲೇ ಕೂರುತ್ತದೆ.

ಅದೇ ಸೆಟ್ಟಿನ ಚಾಕು ಅಯಸ್ಕಾಂತಕ್ಕೆ ಹತ್ತಿದರೆ ಮೋಸವೆಂದು ಜಗಳಾಡಬೇಡಿರಿ. ಬಾಯಿ ಗಟ್ಟಿಯಾಗಿ ನಿಲ್ಲಲು ಅಲಗನ್ನು ಕಾಯಿಸಿ ಹದ ಮಾಡಬೇಕು, 304 ಹಾಗೆ ಹದಗೊಳ್ಳುವುದಿಲ್ಲ. ಅದಕ್ಕೆ 420ರಂಥ ಸ್ಟೀಲ್ ಬಳಸುತ್ತಾರೆ. ಅದರಲ್ಲಿ ಕ್ರೋಮಿಯಂ ಸುಮಾರು ಶೇ. 13 ಮಾತ್ರ. ಚಮಚ ಹೊಳೆಯುತ್ತಿದ್ದರೂ ಚಾಕುವಿಗೆ ಕಂದು ಚುಕ್ಕೆ ಬೀಳುವುದು ಇದರಿಂದ. ನಿಂಬೆ, ಉಪ್ಪಿನಕಾಯಿ ಹತ್ತಿದ ಚಾಕುವನ್ನು ಮುಸುರೆಯ ನೀರಿನಲ್ಲಿ ರಾತ್ರಿಯಿಡೀ ನೆನೆಹಾಕಿದರೆ ಚುಕ್ಕೆ ಕುಳಿಯಾಗುತ್ತದೆ. ಆಗಲೇ ತೊಳೆದು ಬಟ್ಟೆಯಿಂದ ಒರೆಸಿ ಇಡಬೇಕು. ಇಲ್ಲಿ ಪದದ ವಿಷಯವೂ ಒಂದಿದೆ: ಕರಡಿನಲ್ಲಿ ಯಾರಾದರೂ ‘ಕಿಲುಬು’ ಎಂದು ಬರೆದಿದ್ದರೆ ತಿದ್ದಿರಿ. ಕಿಲುಬು ಹಿತ್ತಾಳೆ, ತಾಮ್ರಕ್ಕೆ. ಇದು ಜಂಗು, ಬೇಕಾದರೆ ತುಕ್ಕು ಎನ್ನಿ. ಗರಗಸದ ಬಾಯಿಯ ಚಾಕುವನ್ನು ಸಾಣೆಯವರ ಚಕ್ರಕ್ಕೆ ಕೊಡಬೇಡಿರಿ, ಹಲ್ಲು ಸವೆದುಹೋಗುತ್ತವೆ.

ಇನ್ನೊಂದು ಎಚ್ಚರಿಕೆ ‘ಜರ್ಮನ್’ ಪದದ್ದು. ನಮ್ಮ ಕಡೆ ಜರ್ಮನ್ ಭಾಂಡೆ ಎಂದರೆ ಅಲ್ಯುಮಿನಿಯಂ. ‘ಜರ್ಮನ್ ಸಿಲ್ವರ್’ ಎಂದು ಮಾರುವ ಚಮಚ, ಬಟ್ಟಲು ಬೇರೆ ಸಾಮಾನು, ತಾಮ್ರ, ಸತು, ನಿಕ್ಕಲ್ ಸೇರಿದ ಮಿಶ್ರಲೋಹ; ಹೆಸರಿನಲ್ಲಿ ಬೆಳ್ಳಿಯಿದೆ, ಲೋಹದಲ್ಲಿಲ್ಲ. ‘ಇಪಿಎನ್ಎಸ್’ ಎಂಬ ಅಕ್ಷರಗಳಿದ್ದರೆ ಅದರ ಮೇಲೆ ತೆಳ್ಳಗೆ ಬೆಳ್ಳಿಯ ಲೇಪ ಕೊಟ್ಟಿದ್ದಾರೆಂದು ತಿಳಿಯಿರಿ, ಅದನ್ನು ತಂತಿ ಬ್ರಷ್ಷಿನಿಂದಲೋ ಬೂದಿಯಿಂದಲೋ ತಿಕ್ಕಿದರೆ ಲೇಪ ಹೋಗಿ ಒಳಗಿನ ಲೋಹ ಕಾಣುತ್ತದೆ. ವಸತಿನಿಲಯಕ್ಕೆ ಅವೆರಡೂ ಬೇಡ, 304ರ ಚಮಚ, ಫೋರ್ಕು, 420ರ ಚಾಕು ಸಾಕು. ಆದರೆ ತೊಳೆಯುವವರಿಗೆ ಚಾಕುವನ್ನು ಬೇರೆ ಬುಟ್ಟಿಯಲ್ಲಿ, ಅಲಗು ಕೆಳಗೆ ಮಾಡಿ ಹಾಕಲು ಹೇಳಿ.