ಆಫ್‌ರೋಡ್ ಯುಟಿಲಿಟಿ ವಾಹನದ ಸರ್ವಿಸ್: ಕಿಲೋಮೀಟರ್ ನೋಡಬೇಕೆ, ಗಂಟೆ ನೋಡಬೇಕೆ?

ಪ್ರಶ್ನೆ

ಜಮೀನಿನ ಕೆಲಸಕ್ಕಾಗಿ ಇಬ್ಬರು ಅಕ್ಕಪಕ್ಕ ಕೂರುವ, ಹಿಂದೆ ಸಾಮಾನು ಹೇರಲು ತೊಟ್ಟಿಯಿರುವ ಫೋರ್‌ವೀಲ್ ಡ್ರೈವ್ ಯುಟಿಲಿಟಿ ವಾಹನವೊಂದನ್ನು ಬಳಸುತ್ತಿದ್ದೇನೆ. ಪೆಟ್ರೋಲ್ ಎಂಜಿನ್, ಬೆಲ್ಟ್‌ನಿಂದ ನಡೆಯುವ ಸಿವಿಟಿ (ಎಂಜಿನ್‌ನ ಶಕ್ತಿಯನ್ನು ಪುಲ್ಲಿ ಮತ್ತು ಬೆಲ್ಟ್ ಮೂಲಕ ಚಕ್ರಗಳ ಕಡೆಗೆ ಸಾಗಿಸುವ ಆಟೊಮ್ಯಾಟಿಕ್ ವ್ಯವಸ್ಥೆ). ಓಡಾಟವೆಲ್ಲ ಧೂಳಿನ ಮಣ್ಣುದಾರಿಯಲ್ಲಿ. ಬಹಳ ಹೊತ್ತು ನಿಧಾನವಾಗಿ, ಹೊರೆ ಹೊತ್ತುಕೊಂಡು, ಆಗಾಗ ನಿಂತಲ್ಲೇ ಎಂಜಿನ್ ಚಾಲೂ ಇಟ್ಟುಕೊಂಡು ನಡೆಯುವ ಕೆಲಸ. ಕೈಪಿಡಿಯಲ್ಲಿ ಪ್ರತಿ ಕೆಲಸದ ಎದುರಿಗೂ ಗಂಟೆ, ತಿಂಗಳು, ಕಿಲೋಮೀಟರ್ ಎಂಬ ಮೂರು ಅಂಕಣಗಳಿವೆ. ಕಿಲೋಮೀಟರ್ ಲೆಕ್ಕದಲ್ಲಿ ಮುಂದಿನ ಸರ್ವಿಸ್‌ಗೆ ಇನ್ನೂ ಬಹಳ ಅಂತರವಿದೆ, ಆದರೆ ಗಂಟೆಯ ಲೆಕ್ಕದಲ್ಲಿ ಅವಧಿ ಮುಗಿಯುತ್ತ ಬಂದಿದೆ. ಯಾವುದನ್ನು ಪಾಲಿಸಬೇಕು? ಬೆಲ್ಟನ್ನು ಅವಧಿ ನೋಡಿ ಬದಲಿಸಬೇಕೆ ಅಥವಾ ಸವೆದ ಮೇಲೆ ಬದಲಿಸಿದರೆ ಸಾಕೆ? ಮನೆಯಲ್ಲೇ ಮಾಡಿಕೊಳ್ಳಬಹುದಾದ ಕೆಲಸಗಳು ಯಾವುವು ಎಂಬುದನ್ನೂ ಬಲ್ಲವರು ತಿಳಿಸಬೇಕಾಗಿ ವಿನಂತಿ.

ಮೊದಲ ಉತ್ತರ

ಮೂರರಲ್ಲಿ ಯಾವುದು ಮೊದಲು ಬರುತ್ತದೋ ಅದೇ ಲೆಕ್ಕ. ನಿಮ್ಮಂಥ ಬಳಕೆಯಲ್ಲಿ ಅದು ಸಾಮಾನ್ಯವಾಗಿ ಗಂಟೆಯೇ ಆಗಿರುತ್ತದೆ. ಸರಾಸರಿ 10 ಕಿಲೋಮೀಟರ್ ವೇಗದಲ್ಲಿ 100 ಗಂಟೆ ದುಡಿದ ವಾಹನ 1,000 ಕಿಲೋಮೀಟರ್ ಮಾತ್ರ ಕ್ರಮಿಸಿರುತ್ತದೆ. 40ರ ವೇಗದಲ್ಲಿ ಅಷ್ಟೇ ಹೊತ್ತು ಓಡಿದ ವಾಹನ 4,000 ಕ್ರಮಿಸಿರುತ್ತದೆ. ಎರಡರಲ್ಲೂ ಆಯಿಲ್ ಬಿಸಿಯಾಗಿ ದುಡಿದ ಸಮಯ ಒಂದೇ, ನಿಧಾನವಾಗಿ ಓಡಿದ ವಾಹನಕ್ಕೆ ಎದುರುಗಾಳಿಯ ತಂಪು ಸಿಗದಿರುವುದು ಬೇರೆ. ಹಲವು ತಯಾರಕರು ಮೊದಲ ಸರ್ವಿಸನ್ನು 20ರಿಂದ 25 ಗಂಟೆಗೆ, ನಂತರದ ಆಯಿಲ್ ಮತ್ತು ಫಿಲ್ಟರ್ ಬದಲಾವಣೆಯನ್ನು ಸುಮಾರು 100 ಗಂಟೆಗೊಮ್ಮೆ ಅಥವಾ ವರ್ಷಕ್ಕೊಮ್ಮೆ ಸೂಚಿಸುತ್ತಾರೆ. ಆದರೆ ಅದೇ ಕೋಷ್ಟಕದ ಅಡಿಯಲ್ಲಿ, ಧೂಳು, ಕೆಸರು, ಭಾರದ ಹೊರೆ ಮತ್ತು ದೀರ್ಘಕಾಲ ನಿಂತಲ್ಲೇ ಓಡುವ ಎಂಜಿನ್, ಇವನ್ನೆಲ್ಲ ಕಠಿಣ ಬಳಕೆ ಎಂದು ಕರೆದು ಅವಧಿಯನ್ನು ಕಡಿತಗೊಳಿಸುವ ಟಿಪ್ಪಣಿಯೊಂದು ಸಾಮಾನ್ಯವಾಗಿ ಇರುತ್ತದೆ. ನೀವು ವಿವರಿಸಿದ್ದು ಅಕ್ಷರಶಃ ಕಠಿಣ ಬಳಕೆಯೇ. ಹೀಗಾಗಿ ಅವಧಿಯನ್ನು ಅರ್ಧಕ್ಕೆ ಇಳಿಸಿಕೊಳ್ಳುವುದು ಸರಿಯಾದ ಕ್ರಮ.

ಆಯಿಲ್‌ಗಿಂತಲೂ ನಾನು ಹೆಚ್ಚು ಮಹತ್ವ ಕೊಡುವುದು ಏರ್ ಫಿಲ್ಟರ್‌ಗೆ. ಹಳೆಯ ಆಯಿಲ್‌ನಲ್ಲಿ ಕೆಲವು ಗಂಟೆ ಹೆಚ್ಚು ಓಡಿದ ಎಂಜಿನ್ ಬದುಕಿಕೊಳ್ಳುತ್ತದೆ, ಆದರೆ ಫಿಲ್ಟರ್‌ನ ಅಂಚಿನಿಂದ ಸಣ್ಣಗೆ ಧೂಳು ಎಳೆದುಕೊಂಡ ಎಂಜಿನ್‌ನ ಪಿಸ್ಟನ್ ರಿಂಗ್ ಮತ್ತು ಸಿಲಿಂಡರ್ ಬಹುಬೇಗ ಸವೆಯುತ್ತವೆ. ಆಯಿಲ್ ಸುಡಲು ತೊಡಗಿದ ಮೇಲೆ ಎಂಜಿನ್ ಬಿಚ್ಚದೆ ಪರಿಹಾರವಿಲ್ಲ. ಕಾಗದದ ಫಿಲ್ಟರನ್ನು ಕಂಪ್ರೆಸರ್ ಗಾಳಿಯಿಂದ ಊದಿ ಮತ್ತೆ ಹಾಕುವ ಅಭ್ಯಾಸ ವ್ಯಾಪಕವಾಗಿದೆ, ಆದರೆ ಆ ಒತ್ತಡಕ್ಕೆ ಕಾಗದದಲ್ಲಿ ಕಣ್ಣಿಗೆ ಕಾಣದ ರಂಧ್ರಗಳಾಗುತ್ತವೆ. ಕಾಗದದ್ದನ್ನು ಬದಲಿಸಬೇಕು. ಹೊರಗಿನ ಫೋಮ್ ಪದರವಿದ್ದರೆ ಅದನ್ನು ಸಾಬೂನು ನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಿ, ಕೈಪಿಡಿ ಹೇಳಿದ್ದರೆ ಫೋಮ್ ಫಿಲ್ಟರ್ ಆಯಿಲ್ ಸವರಿ ಹಾಕಬಹುದು. ಧೂಳಿನ ದಿನಗಳಲ್ಲಿ ಬಾಕ್ಸನ್ನು ಆಗಾಗ ತೆರೆದು ಫಿಲ್ಟರನ್ನು ಹೊರತೆಗೆದು ಪರೀಕ್ಷಿಸುವುದು ಒಳ್ಳೆಯದು.

ಎರಡನೆಯ ಉತ್ತರ

ಗಂಟೆಯ ಲೆಕ್ಕದ ಬಗ್ಗೆ ಮೇಲಿನವರು ಹೇಳಿದ್ದು ಸರಿ. ಫಿಲ್ಟರ್ ವಿಷಯದಲ್ಲಿ ಮಾತ್ರ ಒಂದು ತಕರಾರಿದೆ. ಫಿಲ್ಟರನ್ನು ಪದೇ ಪದೇ ಕಿತ್ತು ಕೂರಿಸುವುದರಿಂದಲೇ ಅದರ ರಬ್ಬರ್ ಅಂಚು ಸಡಿಲವಾಗುತ್ತದೆ, ಮತ್ತು ಕೀಳುವಾಗ ಉದುರುವ ಧೂಳು ಎಂಜಿನ್ ಕಡೆಯ ಕೊಳವೆಯೊಳಗೇ ಬೀಳುತ್ತದೆ. ಬದಲಿಸುವ ದಿನ ಫಿಲ್ಟರ್ ತೆಗೆದಾಗ ಅದರ ಆಚೆಬದಿಯ ಕೊಳವೆಯ ಒಳಗೋಡೆಯನ್ನು ಬಿಳಿ ಬಟ್ಟೆಯಿಂದ ಒರೆಸಿ ನೋಡಿ: ಬಟ್ಟೆಗೆ ಮಣ್ಣಿನ ಬಣ್ಣ ಹತ್ತಿದರೆ ಅಂಚಿನಲ್ಲೋ ಕ್ಲ್ಯಾಂಪಿನಲ್ಲೋ ಸೋರಿಕೆಯಿದೆ ಎಂದರ್ಥ. ಉಳಿದ ದಿನಗಳಲ್ಲಿ ಬಾಕ್ಸಿನ ಮುಚ್ಚಳ ತೆಗೆದು ಹೊರಮೈ ನೋಡಿದರೆ ಸಾಕು.

ಇನ್ನು ಬೆಲ್ಟ್. ಎಲ್ಲ ವಾಹನಗಳಲ್ಲೂ ಅದು ಇರುವುದಿಲ್ಲ. ಹೋಂಡಾ ಪಯೊನೀರ್ ಮಾದರಿಗಳಲ್ಲಿ ಬೆಲ್ಟ್ ಬದಲು ಗೇರುಗಳೇ ಇವೆ. ನಿಮ್ಮದರಲ್ಲಿ ಇರುವುದರಿಂದ, ಬದಲಾವಣೆಗೆ ಕೈಪಿಡಿ ಅವಧಿ ಕೊಟ್ಟಿದ್ದರೆ ಅದನ್ನು ಗರಿಷ್ಠ ಮಿತಿ ಎಂದು ತಿಳಿದು, ಪ್ರತಿ ಆಯಿಲ್ ಬದಲಾವಣೆಯ ಹೊತ್ತಿಗೆ ಕವರ್ ತೆಗೆದು ಬೆಲ್ಟನ್ನು ಕಣ್ಣಾರೆ ನೋಡುವುದು ಉತ್ತಮ. ಪಕ್ಕಗಳು ಗಾಜಿನಂತೆ ಹೊಳೆಯುತ್ತಿವೆಯೇ, ಹಲ್ಲುಗಳ ಬುಡದಲ್ಲಿ ಬಿರುಕಿದೆಯೇ, ಅಂಚಿನಿಂದ ನೂಲು ಹೊರಬಂದಿದೆಯೇ, ಸುತ್ತಳತೆಯ ಯಾವುದಾದರೂ ಒಂದು ಕಡೆ ಅಗಲ ಕಡಿಮೆಯಾಗಿದೆಯೇ ಎಂಬುದನ್ನು ಗಮನಿಸಬೇಕು. ಕೊನೆಯದು ಬಹುತೇಕ ಚಾಲಕನ ಕೈವಾಡ: ಗಾಡಿ ಹೂತುಹೋದಾಗಲೋ ಭಾರ ಎಳೆಯುವಾಗಲೋ ಚಕ್ರ ತಿರುಗದಿದ್ದರೂ ಆಕ್ಸಿಲರೇಟರ್ ಒತ್ತಿ ಹಿಡಿದರೆ ಪುಲ್ಲಿ ಬೆಲ್ಟ್‌ನ ಒಂದೇ ಜಾಗವನ್ನು ಉಜ್ಜಿ ಸುಟ್ಟುಬಿಡುತ್ತದೆ. ಹೊರೆ ಹೊತ್ತಾಗ, ಏರು ಹತ್ತುವಾಗ, ಗಂಟೆಗೆ ಸುಮಾರು 10 ಕಿಲೋಮೀಟರ್‌ಗಿಂತ ನಿಧಾನವಾಗಿ ಚಲಿಸುವಾಗ ಲೋ ಗೇರ್ ಬಳಸಿದರೆ ಬೆಲ್ಟ್‌ನ ಆಯುಷ್ಯ ಗಮನಾರ್ಹವಾಗಿ ಹೆಚ್ಚುತ್ತದೆ. ನಿಮ್ಮ ಬಳಕೆ ನೋಡಿದರೆ ದಿನದ ಬಹುಭಾಗ ನೀವು ಲೋ ಗೇರಿನಲ್ಲೇ ಇರಬೇಕಾದವರು.

ಕವರ್ ತೆಗೆದಾಗ ಒಳಗಿನ ಕಪ್ಪು ಪುಡಿಯನ್ನು ಗಾಳಿಯಿಂದ ಊದಿ ತೆಗೆಯಿರಿ (ಮೂಗಿಗೆ ಮಾಸ್ಕ್ ಇರಲಿ). ಪುಲ್ಲಿಗಳ ಮುಖಕ್ಕೆ ಗ್ರೀಸ್, ಆಯಿಲ್, ಕೊನೆಗೆ ಬೆರಳಿನ ಜಿಡ್ಡೂ ತಾಗಬಾರದು. ಆಲ್ಕೋಹಾಲ್‌ನಲ್ಲಿ ಅದ್ದಿದ ಸ್ವಚ್ಛ ಬಟ್ಟೆಯಿಂದ ಒರೆಸಿ. ಹಳೆಯ ಬೆಲ್ಟನ್ನೇ ಮತ್ತೆ ಹಾಕುವುದಾದರೆ ಮೊದಲು ತಿರುಗುತ್ತಿದ್ದ ದಿಕ್ಕಿನಲ್ಲೇ ಹಾಕಬೇಕು, ಅದಕ್ಕಾಗಿ ಬಿಚ್ಚುವ ಮುನ್ನವೇ ಗುರುತು ಮಾಡಿಕೊಳ್ಳಿ. ಹೊಸದಾದರೆ ಮೊದಲ 50 ಕಿಲೋಮೀಟರ್ ಹೊರೆ ಹಾಕದೆ, ವೇಗವನ್ನು ಏರಿಳಿಸುತ್ತ ಮೃದುವಾಗಿ ಓಡಿಸಿ. ಸಿವಿಟಿಯೊಳಗೆ ನೀರು ಹೋಗಿದ್ದರೆ ಬೆಲ್ಟ್ ಜಾರುತ್ತದೆ. ಆಗ ಕವರಿನ ಕೆಳಗಿನ ಡ್ರೈನ್ ಪ್ಲಗ್ ತೆಗೆದು ನೀರು ಬಸಿದು, ನ್ಯೂಟ್ರಲ್‌ನಲ್ಲಿಟ್ಟು ಎಂಜಿನ್‌ನ ವೇಗವನ್ನು ಸ್ವಲ್ಪ ಸ್ವಲ್ಪ ಏರಿಸಿ ಒಣಗಿಸಿಕೊಳ್ಳಬೇಕು.

ಮೂರನೆಯ ಉತ್ತರ

ಮನೆಯಲ್ಲಿ ಮಾಡುವ ಕೆಲಸಗಳಲ್ಲಿ ಗ್ರೀಸ್ ಹಾಕುವುದೂ ಸೇರಿದೆ. ಸಸ್ಪೆನ್ಷನ್ ತೋಳುಗಳಲ್ಲಿ ಮತ್ತು ಪ್ರೊಪೆಲ್ಲರ್ ಶಾಫ್ಟ್‌ನಲ್ಲಿ ಗ್ರೀಸ್ ನಿಪ್ಪಲ್‌ಗಳಿದ್ದರೆ ಅವನ್ನು ಮೊದಲು ಒರೆಸಿ, ನಂತರ ಗ್ರೀಸ್ ಗನ್ ಹಿಡಿಯಿರಿ. ಒರೆಸದಿದ್ದರೆ ತುದಿಯ ಮರಳು ಗ್ರೀಸಿನೊಂದಿಗೇ ಒಳಹೋಗುತ್ತದೆ. ವಾಹನ ತೊಳೆದ ಮೇಲೆ ಗ್ರೀಸ್ ಹಾಕಿದರೆ ಒಳಗೆ ಉಳಿದ ನೀರು ಹೊರತಳ್ಳಲ್ಪಡುತ್ತದೆ. ತೊಳೆಯುವಾಗ ಒತ್ತಡದ ನೀರನ್ನು ಬೇರಿಂಗ್, ಆಕ್ಸಲ್ ಸೀಲ್, ವಿದ್ಯುತ್ ಕನೆಕ್ಟರ್ ಮತ್ತು ರೇಡಿಯೇಟರಿನ ಮೇಲೆ ನೇರವಾಗಿ ಹಾಯಿಸಬೇಡಿ. ರೇಡಿಯೇಟರಿನ ರೆಕ್ಕೆಗಳಿಗೆ ಸಾಧಾರಣ ಪೈಪಿನ ನೀರು ಸಾಕು, ಅದೂ ಎಂಜಿನ್ ಕಡೆಯಿಂದ ಹೊರಮುಖವಾಗಿ. ಚಕ್ರವನ್ನು ಜ್ಯಾಕ್‌ನಿಂದ ಎತ್ತಿ, ಕೆಳಗೆ ಸ್ಟ್ಯಾಂಡ್ ಕೊಟ್ಟು, ಮೇಲೂ ಕೆಳಗೂ ಹಿಡಿದು ಅಲುಗಾಡಿಸಿ ನೋಡಿದರೆ ಬಾಲ್ ಜಾಯಿಂಟ್ ಅಥವಾ ಬೇರಿಂಗ್ ಸಡಿಲವಾಗಿರುವುದು ತಿಳಿಯುತ್ತದೆ. ಡ್ರೈವ್ ಶಾಫ್ಟ್‌ನ ರಬ್ಬರ್ ಬೂಟ್ ಹರಿದಿದ್ದರೆ ಆ ವಾರವೇ ಬದಲಿಸಿ. ಬ್ರೇಕ್ ದ್ರವವನ್ನು ಎರಡು ವರ್ಷಕ್ಕೊಮ್ಮೆ ಬದಲಿಸುವ ಕೆಲಸವನ್ನು ಅಭ್ಯಾಸವಿಲ್ಲದವರು ಮೆಕ್ಯಾನಿಕ್‌ಗೆ ಬಿಡುವುದೇ ಲೇಸು.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ಗಂಟೆಯ ಲೆಕ್ಕದಂತೆ ಎಂಜಿನ್ ಆಯಿಲ್ ಬದಲಿಸಿದೆ. ಮುಂಭಾಗದ ಡಿಫರೆನ್ಷಿಯಲ್‌ನ (ಎಡಬಲ ಚಕ್ರಗಳಿಗೆ ಶಕ್ತಿ ಹಂಚುವ ಗೇರುಗಳ ಪೆಟ್ಟಿಗೆ) ಆಯಿಲ್ ಬಸಿದಾಗ ಅದು ಹಾಲು ಬೆರೆತಂತೆ ಬೆಳ್ಳಗಿತ್ತು, ಮತ್ತು ಡ್ರೈನ್ ಪ್ಲಗ್‌ನ ಅಯಸ್ಕಾಂತದ ಮೇಲೆ ಬೂದುಬಣ್ಣದ ಮೆತ್ತನೆಯ ಲೇಪವಿತ್ತು. ಇದು ಗಂಭೀರವೇ?

ಎರಡನೆಯ ಉತ್ತರ ನೀಡಿದವರು

ಬೂದು ಲೇಪ ಸಹಜ ಸವೆತದ್ದು, ಬೆರಳಿಗೆ ಚೂರುಗಳು ಸಿಗದಿದ್ದರೆ ಚಿಂತೆಯಿಲ್ಲ. ಬೆಳ್ಳಗಾಗಿರುವುದು ನೀರಿನಿಂದ. ಬಿಸಿಯಾದ ಡಿಫರೆನ್ಷಿಯಲ್ ನೀರಿಗಿಳಿದು ತಟ್ಟನೆ ತಣ್ಣಗಾದಾಗ ಒಳಗಿನ ಗಾಳಿ ಕುಗ್ಗುತ್ತದೆ. ಗಾಳಿಯಾಡಲೆಂದು ಇರುವ ಬ್ರೀದರ್ ಪೈಪ್ ಕಟ್ಟಿಕೊಂಡಿದ್ದರೆ ಸೀಲ್‌ಗಳ ಮೂಲಕ ನೀರು ಒಳಕ್ಕೆ ಎಳೆಯಲ್ಪಡುತ್ತದೆ. ಮೊದಲು ಆ ಪೈಪನ್ನು ಬಿಡಿಸಿ, ಅದರ ತುದಿ ಎತ್ತರದ ಜಾಗದಲ್ಲೇ ಇದೆಯೇ ನೋಡಿ. ನಂತರ ಹೊಸ ಆಯಿಲ್ ತುಂಬಿ, ಸ್ವಲ್ಪ ದೂರ ಓಡಿಸಿ, ಮತ್ತೆ ಬಸಿದು ಇನ್ನೊಮ್ಮೆ ತುಂಬಿ. ಕೈಪಿಡಿ ಹೆಸರಿಸಿದ ದ್ರವವನ್ನೇ ಹಾಕಿ. ಮುಂದಿನ ಚಕ್ರಗಳನ್ನು ವಿದ್ಯುತ್ಕಾಂತದ ಕ್ಲಚ್ ಜೋಡಿಸುವ ಮಾದರಿಗಳಲ್ಲಿ ಬೇರೆ ದಪ್ಪನೆಯ ಗೇರ್ ಆಯಿಲ್ ಹಾಕಿದರೆ ಫೋರ್‌ವೀಲ್ ಡ್ರೈವ್ ಸರಿಯಾಗಿ ಹಿಡಿಯದೆ ಹೋಗಬಹುದು. ಕೆಲವು ಗಂಟೆ ಓಡಿದ ಮೇಲೆ ಪ್ಲಗ್ ಬಿಚ್ಚಿ ನೋಡಿ, ಮತ್ತೆ ಬೆಳ್ಳಗಾಗಿದ್ದರೆ ಆಕ್ಸಲ್ ಸೀಲ್‌ಗಳನ್ನು ಬದಲಿಸಬೇಕಾಗುತ್ತದೆ.