ಬ್ಲೆಂಡರ್: ಹಿತ್ತಾಳೆ ದೀಪ ಪ್ಲಾಸ್ಟಿಕ್ ಥರ ಕಾಣುತ್ತಿದೆ, ಬತ್ತಿಯ ಬೆಳಕು ಗೋಡೆಗೆ ಮುಟ್ಟುತ್ತಿಲ್ಲ

ಹಣತೆ_3ಡಿ:

ಎಲ್ಲರಿಗೂ ನಮಸ್ಕಾರ. ಲೈಟಿಂಗ್, ಶೇಡಿಂಗ್ ಕೈಗೆ ಹತ್ತಲಿ ಅಂತ ಒಂದು ದೃಶ್ಯ ಮಾಡುತ್ತಿದ್ದೇನೆ. 3ಡಿ ಚಿತ್ರ ಮಾಡುವ ಸಾಫ್ಟ್‌ವೇರ್ ಬ್ಲೆಂಡರ್ 4.2, ಅದರಲ್ಲಿ ಬೆಳಕಿನ ಲೆಕ್ಕ ಹಾಕಿ ಕೊನೆಯ ಚಿತ್ರ ತೆಗೆಯುವ (ರೆಂಡರ್ ಮಾಡುವ) ಸೈಕಲ್ಸ್. ಹಳೇ ಮನೆಯ ನಡುಮನೆ, ಮುಸ್ಸಂಜೆ ಹೊತ್ತು. ಕೆಂಪು ಗಾರೆ ನೆಲ, ಸುಣ್ಣ ಬಳಿದ ಗೋಡೆ, ನಡುವೆ ಐದು ಬತ್ತಿಯ ಹಿತ್ತಾಳೆ ದೀಪದ ಕಂಬ. ಎಡಗಡೆ ಕಿಟಕಿಯ ಬೆಳಕಿಗೆ ಒಂದು ಏರಿಯಾ ಲೈಟ್ (ಹಲಗೆಯಂತೆ ಅಗಲವಾದ ಲೈಟ್) ಇಟ್ಟಿದ್ದೇನೆ. ಪ್ರತಿ ಬತ್ತಿಯ ಜಾಗದಲ್ಲಿ ಒಂದೊಂದು ಪಾಯಿಂಟ್ ಲೈಟ್ (ಸುತ್ತಲೂ ಬೆಳಕು ಚೆಲ್ಲುವ ಪುಟ್ಟ ಉಂಡೆ).

ಹಿತ್ತಾಳೆ ಹಿತ್ತಾಳೆ ಥರ ಕಾಣುತ್ತಿಲ್ಲ. ಹಳದಿ ಪ್ಲಾಸ್ಟಿಕ್ ಮೇಲೆ ವಾರ್ನಿಷ್ ಹೊಡೆದ ಹಾಗಿದೆ. ಮೆಟಾಲಿಕ್ (ಎಷ್ಟು ಲೋಹ ಅನ್ನುವ ಅಂಕಿ) ಪೂರ್ತಿ ಏರಿಸಿದರೆ ಕಂಬ ಕಪ್ಪಾಗುತ್ತದೆ, ಹಾಗಾಗಿ 0.6ಕ್ಕೆ ನಿಲ್ಲಿಸಿದ್ದೇನೆ. ರಫ್‌ನೆಸ್ (ಮೇಲ್ಮೈಯ ಒರಟುತನ) ಎಷ್ಟು ಬದಲಿಸಿದರೂ ಅಷ್ಟೇ.

ಇನ್ನೊಂದು ತೊಂದರೆ ಬತ್ತಿಗಳದ್ದು. 10 ವ್ಯಾಟ್ ಹಾಕಿದರೆ ಗೋಡೆ ಮೇಲೆ ಏನೂ ಕಾಣಲ್ಲ. 4000 ವ್ಯಾಟ್ ಹಾಕಿದ ಮೇಲೆ ಸ್ವಲ್ಪ ಬೆಳಕು ಬಿತ್ತು. ಇದು ಸರಿ ಅಲ್ಲ ಅಂತ ಗೊತ್ತು, ಯಾಕೆ ಅಂತ ಗೊತ್ತಾಗುತ್ತಿಲ್ಲ.

ಜೊತೆಗೆ, ಕಂಬದ ಗುಂಡುಗಳ ಮೇಲೆ ಬೆಳಕು ಮುಗಿದು ನೆರಳು ಶುರುವಾಗುವ ಕಡೆ ಗರಗಸದ ಹಲ್ಲಿನ ಥರ ಅಂಚು ಬರುತ್ತಿದೆ. ಶೇಡ್ ಸ್ಮೂತ್ ಮಾಡಿಯೇ ಇದೆ.

ನೆರಳುಬೆಳಕು:

ಒಳ್ಳೆ ದೃಶ್ಯ ಆರಿಸಿಕೊಂಡಿದ್ದೀರಿ. ಮೊದಲು ಸ್ವಲ್ಪ ಮಾಹಿತಿ ಬೇಕು. ದೀಪದ ಕಂಬ ಸೆಲೆಕ್ಟ್ ಮಾಡಿ, ಎನ್ ಒತ್ತಿ. ಪಕ್ಕದಲ್ಲಿ ಬರುವ ಪ್ಯಾನೆಲ್‌ನಲ್ಲಿ ಡೈಮೆನ್ಶನ್ಸ್ ಎಷ್ಟಿದೆ, ಸ್ಕೇಲ್ ಎಷ್ಟಿದೆ ಹೇಳಿ. ವರ್ಲ್ಡ್‌ನಲ್ಲಿ, ಅಂದರೆ ದೃಶ್ಯದ ಸುತ್ತಲಿನ ಹಿನ್ನೆಲೆಯಲ್ಲಿ, ಏನು ಹಾಕಿದ್ದೀರಿ? ಕಂಬ ಮಾಡಿದ್ದು ಸ್ಕ್ರೂ ಮಾಡಿಫೈಯರ್‌ನಲ್ಲಾ (ಗೆರೆಯನ್ನು ಸುತ್ತ ತಿರುಗಿಸಿ ಆಕಾರ ಮಾಡುವುದು)?

ಹಣತೆ_3ಡಿ:

ಝಡ್ ಡೈಮೆನ್ಶನ್ 14 ಮೀಟರ್ ತೋರಿಸುತ್ತಿದೆ, ಸ್ಕೇಲ್ ಮೂರೂ ಕಡೆ 7. ವರ್ಲ್ಡ್ ಮುಟ್ಟಿಲ್ಲ, ಫೈಲ್ ತೆರೆದಾಗ ಇದ್ದ ಬೂದು ಬಣ್ಣವೇ. ಹೌದು, ಅರ್ಧ ಆಕಾರ ಬರೆದು ಸ್ಕ್ರೂ ಹಾಕಿದ್ದು. ಸ್ಟೆಪ್ಸ್ 16.

ನೆರಳುಬೆಳಕು:

ಹಾಗಾದರೆ ಎಲ್ಲಕ್ಕೂ ಕಾರಣ ಸಿಕ್ಕಿತು. ಮೆಟೀರಿಯಲ್ ಕಡೆ ಆಮೇಲೆ ಬರೋಣ. ಮೊದಲು ಅಳತೆ ಸರಿ ಮಾಡಿ.

ಮನೆಯಲ್ಲಿರುವ ಇಂಥ ದೀಪದ ಕಂಬ ಸುಮಾರು 70 ಸೆಂಟಿಮೀಟರ್ ಇರುತ್ತದೆ, ಎರಡೂಕಾಲು ಅಡಿ ಅಂದುಕೊಳ್ಳಿ. ನಿಮ್ಮದು 14 ಮೀಟರ್, ಅಂದರೆ 20 ಪಟ್ಟು ದೊಡ್ಡದು. ಗೋಡೆಯೂ ಅಷ್ಟೇ ದೂರ ಹೋಗಿದೆ. ಬೆಳಕು ದೂರದ ವರ್ಗಕ್ಕೆ ತಕ್ಕಂತೆ ಕಡಿಮೆಯಾಗುತ್ತದೆ: ದೂರ 2 ಪಟ್ಟಾದರೆ ಬೆಳಕು ಕಾಲು ಭಾಗ, 20 ಪಟ್ಟಾದರೆ 400ರಲ್ಲಿ ಒಂದು ಭಾಗ. 10 ವ್ಯಾಟನ್ನು 400ರಿಂದ ಗುಣಿಸಿ, ನೀವು ಹಾಕಿದ 4000 ಬರುತ್ತೆ. ಬ್ಲೆಂಡರ್ ಲೆಕ್ಕ ಸರಿಯಾಗಿಯೇ ಮಾಡಿದೆ.

ನೆರಳಿನ ಅಂಚಿಗೂ ಇದೇ ಸಂಬಂಧ. ಲೈಟ್ ದೊಡ್ಡದಿದ್ದಷ್ಟೂ, ವಸ್ತುವಿಗೆ ಹತ್ತಿರ ಇದ್ದಷ್ಟೂ ನೆರಳು ಮೆತ್ತಗಾಗುತ್ತದೆ. 14 ಮೀಟರ್ ಕಂಬದ ಪಕ್ಕ 1 ಮೀಟರ್ ಏರಿಯಾ ಲೈಟ್ ಇದ್ದರೆ ಅದು ಕಿಟಕಿ ಅಲ್ಲ, ದೂರದ ಟಾರ್ಚು. ಅದಕ್ಕೇ ನೆರಳೆಲ್ಲ ಚಾಕುವಿನಲ್ಲಿ ಕೊಯ್ದ ಹಾಗೆ ಬಂದಿರುತ್ತದೆ.

3ಡಿ ಕರ್ಸರನ್ನು ನಡುವೆ ತಂದು ಪಿವಟ್ ಪಾಯಿಂಟ್ ಅದಕ್ಕೇ ಇಡಿ. ಎಲ್ಲ ಸೆಲೆಕ್ಟ್ ಮಾಡಿ, ಎಸ್ ಒತ್ತಿ 0.05 ಟೈಪ್ ಮಾಡಿ. ಆಮೇಲೆ ದೀಪ, ನೆಲ, ಗೋಡೆ ಮಾತ್ರ ಹಿಡಿದು ಕಂಟ್ರೋಲ್ ಎ, ಸ್ಕೇಲ್. ಲೈಟ್‌ಗಳ ಸ್ಕೇಲ್ ಆಲ್ಟ್ ಎಸ್ ಒತ್ತಿ 1ಕ್ಕೆ ತನ್ನಿ, ವ್ಯಾಟ್ ಮತ್ತು ಸೈಜ್ ಕೈಯಲ್ಲೇ ಹೊಸದಾಗಿ ಕೊಡಿ. ಕಿಟಕಿಗೆ ಒಂದು ಮೀಟರ್ ಇರಲಿ. ಬತ್ತಿಯ ಪಾಯಿಂಟ್ ಲೈಟ್‌ಗೆ ರೇಡಿಯಸ್ 0.005, ಅಂದರೆ ಅರ್ಧ ಸೆಂಟಿಮೀಟರ್. ಇದನ್ನು ಮರೆಯಬೇಡಿ. ಹಳೇ ರೇಡಿಯಸ್ ಹಾಗೇ ಉಳಿದರೆ ಬೆಳಕಿನ ಉಂಡೆ ಹಣತೆಯೊಳಗೇ ಹೂತುಹೋಗುತ್ತದೆ.

ವ್ಯಾಟ್ ಬಗ್ಗೆ ಒಂದು ಮಾತು. ಬಲ್ಬಿನ ಡಬ್ಬದ ಮೇಲೆ ಬರೆದಿರುವುದು ಅದು ಎಳೆಯುವ ಕರೆಂಟಿನ ಲೆಕ್ಕ. ಬ್ಲೆಂಡರಿನದು ಹೊರಗೆ ಬರುವ ಬೆಳಕಿನ ಲೆಕ್ಕ. ಎರಡೂ ಒಂದೇ ಅಲ್ಲ. ಒಂದೊಂದು ಬತ್ತಿಗೆ 0.5 ವ್ಯಾಟಿನಿಂದ ಶುರು ಮಾಡಿ. ಕತ್ತಲಾಗಿ ಕಂಡರೆ ಲೈಟ್ ಏರಿಸಬೇಡಿ, ಕಲರ್ ಮ್ಯಾನೇಜ್‌ಮೆಂಟ್‌ನಲ್ಲಿ ಎಕ್ಸ್‌ಪೋಶರ್ ಏರಿಸಿ. 1 ಏರಿಸಿದರೆ ಚಿತ್ರ ದುಪ್ಪಟ್ಟು ಬೆಳಗುತ್ತದೆ. ಕತ್ತಲಲ್ಲಿ ಫೋಟೋ ತೆಗೆಯುವವರು ಮಾಡೋದೂ ಇದನ್ನೇ.

ಪಾಲಿಗಾನ್_ಪಟ:

ಗರಗಸದ ಹಲ್ಲಿನ ವಿಚಾರ ನಾನು ಹೇಳುತ್ತೇನೆ. ಅದು ಲೈಟಿನ ತಪ್ಪಲ್ಲ. ಶೇಡ್ ಸ್ಮೂತ್ ಆಕಾರವನ್ನು ದುಂಡಗೆ ಮಾಡುವುದಿಲ್ಲ, ದುಂಡಗಿದೆ ಅನ್ನುವ ಹಾಗೆ ಬಣ್ಣ ಹಚ್ಚುತ್ತದೆ ಅಷ್ಟೇ. ಕಂಪ್ಯೂಟರ್ ಗ್ರಾಫಿಕ್ಸ್ ಸಂಶೋಧಕರಾದ ಗೂರೋ 1971ರಲ್ಲಿ, ಫಾಂಗ್ 1975ರಲ್ಲಿ ತೋರಿಸಿದ ದಾರಿ ಇದು: ಒಂದು ಮುಖದಿಂದ ಇನ್ನೊಂದಕ್ಕೆ ಶೇಡ್ ನಿಧಾನವಾಗಿ ಬದಲಾಗುವ ಹಾಗೆ ಮಾಡುವುದು. ಒಳಗೆ ಮೆಶ್ (ಆಕಾರದ ಜಾಲ) ಮಾತ್ರ ಚಪ್ಪಟೆ ಮುಖಗಳದ್ದೇ. ಸೈಕಲ್ಸ್ ನೆರಳನ್ನು ಆ ಚಪ್ಪಟೆ ಮುಖಗಳಿಂದಲೇ ಲೆಕ್ಕ ಹಾಕುತ್ತದೆ. ಬೆಳಕು ಓರೆಯಾಗಿ ಸವರಿಕೊಂಡು ಹೋಗುವ ಕಡೆ ಈ ಎರಡಕ್ಕೂ ತಾಳೆ ಆಗುವುದಿಲ್ಲ, ಹಲ್ಲು ಕಾಣುತ್ತದೆ.

ಹಣತೆಯ ಹೊರ ಅಂಚನ್ನು ಹತ್ತಿರದಿಂದ ನೋಡಿ. 16 ಸ್ಟೆಪ್ಸ್ ಇದ್ದರೆ ಅದು ವೃತ್ತ ಅಲ್ಲ, 16 ಮೂಲೆಯ ತಟ್ಟೆ. ಸ್ಕ್ರೂ ಮಾಡಿಫೈಯರ್‌ನಲ್ಲಿ ವ್ಯೂಪೋರ್ಟ್‌ಗೆ 32 ಸಾಕು, ರೆಂಡರ್‌ಗೆ 96 ಕೊಡಿ. ಗುಂಡುಗಳ ಮೇಲೆ ಉದ್ದಕ್ಕೂ ಪಾಯಿಂಟ್‌ಗಳು ಕಡಿಮೆ ಇದ್ದರೆ ಅಲ್ಲೂ ಸೇರಿಸಿ. ಸುತ್ತ ಮಾತ್ರ ಹೆಚ್ಚಿಸಿದರೆ ಅರ್ಧ ಕೆಲಸ ಆದ ಹಾಗೆ. ಅಷ್ಟಾದ ಮೇಲೂ ಹಲ್ಲು ಉಳಿದರೆ ಆಬ್ಜೆಕ್ಟ್ ಪ್ರಾಪರ್ಟೀಸ್‌ನಲ್ಲಿ ಶೇಡಿಂಗ್ ಒಳಗೆ ಶ್ಯಾಡೋ ಟರ್ಮಿನೇಟರ್ ಅಂತ ಇದೆ. ಅಲ್ಲಿ ಶೇಡಿಂಗ್ ಆಫ್‌ಸೆಟ್ ಸ್ವಲ್ಪ ಏರಿಸಿ. ಅದು ಕೊನೇ ಉಪಾಯ. ಮೆಶ್ ಸರಿ ಮಾಡುವುದೇ ಒಳ್ಳೆಯದು.

ಹಾಗೇ ಓವರ್‌ಲೇ ಮೆನುವಿನಲ್ಲಿ ಫೇಸ್ ಓರಿಯೆಂಟೇಶನ್ ಹಾಕಿ ನೋಡಿ. ಹೊರಗಿನಿಂದ ನೀಲಿ ಕಾಣಬೇಕು. ಕೆಂಪು ಕಂಡರೆ ನಾರ್ಮಲ್ (ಮುಖ ನೋಡುವ ದಿಕ್ಕು) ತಿರುಗಿದೆ ಅಂತ. ಸ್ಕ್ರೂ ಹಾಕಿದಾಗ ಹೀಗೆ ಆಗುವುದು ಮಾಮೂಲು, ಅದರಲ್ಲೇ ಫ್ಲಿಪ್ ಟಿಕ್ ಇದೆ.

ಗಾರೆಗೋಡೆ:

ಮೆಟಲ್‌ಗೆ ಎಚ್‌ಡಿಆರ್‌ಐ (ಸುತ್ತಲಿನ ಬೆಳಕನ್ನೇ ಕೊಡುವ 360 ಡಿಗ್ರಿ ಫೋಟೋ) ಹಾಕಿಬಿಡಿ, ಒಂದೇ ನಿಮಿಷದಲ್ಲಿ ಸರಿಹೋಗುತ್ತೆ. ಪಾಲಿ ಹೇವನ್ ವೆಬ್‌ಸೈಟ್‌ನಲ್ಲಿ ಪುಕ್ಕಟೆ ಸಿಗುತ್ತದೆ.

ನೆರಳುಬೆಳಕು:

ಹೊಳೆಯುವುದು ನಿಜ. ಆದರೆ ಇದು ಅಭ್ಯಾಸ ಅಲ್ವಾ? ಎಚ್‌ಡಿಆರ್‌ಐ ಹಾಕಿದ ಕ್ಷಣ ಯಾವ ಬೆಳಕು ಎಲ್ಲಿಂದ ಬಂತು ಅನ್ನುವುದೇ ಕೈ ತಪ್ಪಿಹೋಗುತ್ತದೆ. ಹಗಲಿನದು ಹಾಕಿದರಂತೂ ಮುಸ್ಸಂಜೆಯೇ ಹೋಯಿತು. ಈ ದೃಶ್ಯಕ್ಕೆ ನಾನು ಬೇಡ ಅನ್ನುತ್ತೇನೆ.

ಹಣತೆ_3ಡಿ, ಈಗ ಹಿತ್ತಾಳೆಗೆ ಬರೋಣ. ಮೆಟಾಲಿಕ್ ಅಂದರೆ 0 ಇಲ್ಲವೇ 1. ನಡುವೆ ಇಟ್ಟರೆ ಅರ್ಧ ಲೋಹ, ಅರ್ಧ ಪೇಂಟ್. ನಿಮ್ಮ 0.6ರಲ್ಲಿ ಉಳಿದ 0.4 ಭಾಗ ಹಳದಿ ಪೇಂಟೇ. ಪ್ಲಾಸ್ಟಿಕ್ ಅನ್ನಿಸುವುದು ಅದಕ್ಕೇ. ಪ್ಲಾಸ್ಟಿಕ್ ನೇರವಾಗಿ ನೋಡಿದಾಗ ಬಿದ್ದ ಬೆಳಕಿನಲ್ಲಿ ಸುಮಾರು 4% ಮಾತ್ರ ಕನ್ನಡಿಯಂತೆ ವಾಪಸ್ ಕಳಿಸುತ್ತದೆ, ಆ ಹೊಳಪು ಬಿಳಿ. ಲೋಹಕ್ಕೆ ತನ್ನದೇ ಅಂತ ಮ್ಯಾಟ್ ಬಣ್ಣ ಇಲ್ಲ. ಅದರ ಬಣ್ಣ ಇರುವುದೇ ಹೊಳಪಿನಲ್ಲಿ. ಬೇಸ್ ಕಲರ್ ಸುಮಾರು 0.91, 0.78, 0.42 ಇಡಿ. ಮೆಟಾಲಿಕ್ 1.

ಕಂಬ ಕಪ್ಪಾಗುತ್ತದೆ ಅಂದಿರಲ್ಲ, ಅದು ಕಪ್ಪಾಗಲೇಬೇಕು. ದೀಪದ ಬುಡದಲ್ಲಿ ಕತ್ತಲೆ ಅಂತ ಹಿರಿಯರು ಹೇಳಿದ್ದು ಇಲ್ಲಿ ಅಕ್ಷರಶಃ ನಿಜ. ಬತ್ತಿ ಇರುವುದು ಹಣತೆಯ ಅಂಚಿನಲ್ಲಿ, ಮೇಲೆ. ಹಣತೆ ಅಡ್ಡ ಬರುವುದರಿಂದ ಕೆಳಗಿನ ಕಂಬಕ್ಕೆ ಒಂದು ಬತ್ತಿಯ ಬೆಳಕೂ ನೇರವಾಗಿ ಬೀಳುವುದಿಲ್ಲ. ಕಂಬ ತೋರಿಸುವುದು ಸುತ್ತ ಇರುವುದನ್ನು. ಸುತ್ತ ಇದ್ದದ್ದು ಒಂದೇ ಬೂದು ಬಣ್ಣ, ಬೆಳಕೇ ತಲುಪದ ಗೋಡೆ. ತೋರಿಸುವುದಕ್ಕೆ ಅದಕ್ಕೆ ಏನೂ ಇರಲಿಲ್ಲ.

ಅಳತೆ ಸರಿಯಾದ ಮೇಲೆ ನೋಡಿ. ಬತ್ತಿಯ ಬೆಳಕು ಹಣತೆಯನ್ನು ದಾಟಿ ಸ್ವಲ್ಪ ಆಚೆ ನೆಲಕ್ಕೆ ಬೀಳುತ್ತದೆ. ಆ ಕೆಂಪು ನೆಲ ಬೆಳಗಿ ಕಂಬದ ಕೆಳಭಾಗದಲ್ಲಿ ಕಾಣುತ್ತದೆ. ನಿಜವಾದ ಗಾರೆ ನೆಲ ಒರೆಸಿ ಒರೆಸಿ ನುಣುಪಾಗಿರುತ್ತದೆ, ಅದಕ್ಕೆ ರಫ್‌ನೆಸ್ 0.25 ಹತ್ತಿರ ಕೊಡಿ. ನೆಲದ ಬಣ್ಣ ತೀರಾ ಗಾಢ ಮಾಡಿದರೆ ಬೆಳಕು ವಾಪಸ್ ಬರುವುದಿಲ್ಲ, ಕಂಬ ಮತ್ತೆ ಕಪ್ಪು.

ಇದರ ಜೊತೆಗೆ ಒಂದು ಉದ್ದನೆಯ, ಕಿರಿದಾದ ಏರಿಯಾ ಲೈಟ್ ಬೇಕು. ಕಿಟಕಿಯ ಲೈಟನ್ನೇ 0.3 ಅಗಲ, 1.2 ಎತ್ತರ ಮಾಡಿ. ಕಂಬದ ಉದ್ದಕ್ಕೂ ಒಂದು ಬಿಳಿ ಗೆರೆ ಇಳಿಯುತ್ತದೆ. ಪ್ರತಿ ಗುಂಡಿನ ಮೇಲೆ ಆ ಗೆರೆ ಬಾಗುತ್ತದೆ, ಸಂದಿನಲ್ಲಿ ಮುರಿಯುತ್ತದೆ. ನೋಡುವವರ ಕಣ್ಣು ದುಂಡು ಅಂತ ಓದುವುದು ಆ ಗೆರೆಯಿಂದಲೇ. ಇನ್ನೊಂದು ಮಗ್ಗುಲಿಗೆ ಫ್ರೇಮಿನ ಹೊರಗೆ ಒಂದು ಬಿಳಿ ಪ್ಲೇನ್ ನಿಲ್ಲಿಸಿ, ಶೂಟಿಂಗ್‌ನಲ್ಲಿ ಥರ್ಮಾಕೋಲ್ ಹಿಡಿಯುತ್ತಾರಲ್ಲ, ಹಾಗೆ. ಗೋಡೆಯ ಮುಂದೆ ದೀಪದ ಅಂಚು ಕರಗಿಹೋದರೆ ಆ ಕಡೆ ಬಿಳಿ ಬದಲು ಕಪ್ಪು ಪ್ಲೇನ್ ಇಡಿ, ಅಂಚು ಎದ್ದು ಬರುತ್ತದೆ.

ಹುಣಸೆಹಣ್ಣು ಹಚ್ಚಿ ಉಜ್ಜಿದ ಹಿತ್ತಾಳೆಯೂ ಎಲ್ಲ ಕಡೆ ಒಂದೇ ಥರ ಇರುವುದಿಲ್ಲ. ಉಬ್ಬಿದ ಕಡೆ ಫಳಫಳ, ಸಂದಿನಲ್ಲಿ ಎಣ್ಣೆಜಿಡ್ಡು. ನಾಯ್ಸ್ ಟೆಕ್ಸ್ಚರನ್ನು ಕಲರ್ ರ್‍ಯಾಂಪ್ ಮೂಲಕ ರಫ್‌ನೆಸ್‌ಗೆ ಕೊಡಿ, 0.15ರಿಂದ 0.4ರ ಒಳಗೆ. ಇಮೇಜ್ ಬಳಸಿದರೆ ಅದನ್ನು ನಾನ್-ಕಲರ್ (ಬಣ್ಣ ಅಲ್ಲ, ಬರೀ ಅಂಕಿ) ಮಾಡಲೇಬೇಕು. ಬಳೆಯಂಥ ಚೂಪು ಅಂಚುಗಳಿಗೆ 1 ಮಿಲಿಮೀಟರ್ ಬೆವೆಲ್ ಕೊಡಿ, ಅಂದರೆ ಅಂಚನ್ನು ಸ್ವಲ್ಪ ಸವೆಸಿ. ಸಣ್ಣ ಕೆಲಸ, ಆದರೆ ಬೆಳಕು ಹಿಡಿಯುವುದು ಅಲ್ಲೇ.

ವರ್ಲ್ಡ್ ಬಣ್ಣವನ್ನು ಗಾಢ ನೀಲಿ ಮಾಡಿ, ಸ್ಟ್ರೆಂತ್ ತೀರಾ ಕಡಿಮೆ. ಬತ್ತಿಗಳಿಗೆ ನೋಡ್ಸ್ ಆನ್ ಮಾಡಿ ಉಷ್ಣತೆಗೆ ತಕ್ಕ ಬಣ್ಣ ಕೊಡುವ ಬ್ಲ್ಯಾಕ್‌ಬಾಡಿ ನೋಡ್ ಸೇರಿಸಿ, 1900 ಕೆಲ್ವಿನ್. ಜ್ವಾಲೆ ನಡುವೆ ಬೆಳ್ಳಗಾದರೆ ಹೆದರಬೇಡಿ. ಬ್ಲೆಂಡರ್ 4.0ರಿಂದ ಎಜಿಎಕ್ಸ್ (ಬೆಳಕನ್ನು ಪರದೆಯ ಬಣ್ಣಕ್ಕೆ ಇಳಿಸುವ ವಿಧಾನ) ತಾನಾಗಿಯೇ ಬರುತ್ತದೆ, ಜಾಸ್ತಿ ಬೆಳಕಿರುವ ಕಡೆ ಬಣ್ಣ ತಿಳಿಯಾಗುವುದು ಅದರ ಸ್ವಭಾವ. ಸ್ಟಾಂಡರ್ಡ್‌ಗೆ ಬದಲಿಸಿದರೆ ಚಪ್ಪಟೆ ಹಳದಿ ಮಚ್ಚೆ ಬರುತ್ತದೆ.

ಇದನ್ನೆಲ್ಲ ಒಟ್ಟಿಗೆ ಮಾಡಬೇಡಿ. ವ್ಯೂ ಲೇಯರ್‌ನಲ್ಲಿ ಮೆಟೀರಿಯಲ್ ಓವರ್‌ರೈಡ್‌ಗೆ ಬೂದು ಬಣ್ಣದ ಮ್ಯಾಟ್ ಮೆಟೀರಿಯಲ್ ಕೊಟ್ಟು ಎಲ್ಲ ಲೈಟ್ ಆಫ್ ಮಾಡಿ. ಬತ್ತಿ ಮಾತ್ರ ಹಚ್ಚಿ ರೆಂಡರ್ ಮಾಡಿ, ಅದನ್ನು ಆರಿಸಿ ಕಿಟಕಿ ಮಾತ್ರ ಹಚ್ಚಿ. ಪ್ರತಿಯೊಂದೂ ಒಂಟಿಯಾಗಿ ಏನು ಮಾಡುತ್ತಿದೆ ಅಂತ ಬಾಯಿಬಿಟ್ಟು ಹೇಳಲು ಬರಬೇಕು. ಏನೂ ಮಾಡದ ಲೈಟನ್ನು ತೆಗೆದುಬಿಡಿ.

ಹಣತೆ_3ಡಿ:

ತುಂಬಾ ಥ್ಯಾಂಕ್ಸ್. ಸ್ಕೇಲ್ ಸರಿ ಮಾಡಿದ ತಕ್ಷಣ ಗೋಡೆ ಬೆಳಗಿತು, ನೆಲದ ಮೇಲೆ ಐದು ಬತ್ತಿಯ ನೆರಳು ಒಂದರ ಮೇಲೊಂದು ಬಿದ್ದು ಅಂಚು ಪದರ ಪದರವಾಗಿ ಬಂತು. ಬೂದು ಮೆಟೀರಿಯಲ್‌ನಲ್ಲಿ ಒಂದೊಂದೇ ಲೈಟ್ ನೋಡಿದಾಗ ಅಂಚು ಬೆಳಗಲಿ ಅಂತ ಹಿಂದುಗಡೆ ಇಟ್ಟು, ಮೊದಲು ಹೇಳದೇ ಬಿಟ್ಟಿದ್ದ ರಿಮ್ ಲೈಟ್ ಸುಮ್ನೆ ಇತ್ತು ಅಂತ ಗೊತ್ತಾಯಿತು, ತೆಗೆದೆ. ಗರಗಸದ ಹಲ್ಲು 96 ಸ್ಟೆಪ್ಸ್‌ಗೇ ಹೋಯಿತು, ಆಫ್‌ಸೆಟ್ ಬೇಕಾಗಲಿಲ್ಲ. ಕಂಬದ ಕೆಳಗೆ ಕೆಂಪು ಇಳಿದಿದೆ, ಅದು ನನಗೆ ತುಂಬಾ ಇಷ್ಟವಾಯಿತು.

ಒಂದು ಉಳಿದಿದೆ. ಗೋಡೆ ಮೇಲೆ ಅಲ್ಲಲ್ಲಿ ಬಿಳಿ ಚುಕ್ಕಿಗಳು. ಸ್ಯಾಂಪಲ್ಸ್ (ಪ್ರತಿ ಪಿಕ್ಸೆಲ್‌ಗೆ ಎಷ್ಟು ಸಲ ಬೆಳಕಿನ ಲೆಕ್ಕ) ಜಾಸ್ತಿ ಮಾಡಿದರೂ ಪೂರ್ತಿ ಹೋಗುತ್ತಿಲ್ಲ. ಜ್ವಾಲೆಯ ಮೆಶ್‌ಗೆ ಎಮಿಶನ್ (ತಾನೇ ಬೆಳಕು ಸೂಸುವ ಮೆಟೀರಿಯಲ್) ಕೂಡ ಕೊಟ್ಟಿದ್ದೇನೆ.

ನೆರಳುಬೆಳಕು:

ಅವು ಫೈರ್‌ಫ್ಲೈಸ್. ಪುಟ್ಟ ಜ್ವಾಲೆಯ ಬೆಳಕು ಹೊಳೆಯುವ ಹಿತ್ತಾಳೆಗೆ ಬಡಿದು ಗೋಡೆಗೆ ಹೋಗುತ್ತದೆ. ಆ ದಾರಿ ಸೈಕಲ್ಸ್‌ಗೆ ಅಪರೂಪಕ್ಕೆ ಸಿಗುತ್ತದೆ, ಸಿಕ್ಕಾಗ ಒಂದೇ ಪಿಕ್ಸೆಲ್ ಉರಿದುಬಿಡುತ್ತದೆ.

ಈಗ ಜ್ವಾಲೆಯ ಮೆಶ್ಶೂ ಪಾಯಿಂಟ್ ಲೈಟೂ ಎರಡೂ ಗೋಡೆ ಬೆಳಗುತ್ತಿವೆ. ಮೆಶ್ ನೋಡುವುದಕ್ಕೆ ಮಾತ್ರ ಇರಲಿ. ಅದರ ಆಬ್ಜೆಕ್ಟ್ ಪ್ರಾಪರ್ಟೀಸ್‌ನಲ್ಲಿ ರೇ ವಿಸಿಬಿಲಿಟಿ ತೆರೆದು ಡಿಫ್ಯೂಸ್ ಮತ್ತು ಶ್ಯಾಡೋ ಟಿಕ್ ತೆಗೆಯಿರಿ. ಗ್ಲಾಸಿ ಬಿಡಿ, ಇಲ್ಲದಿದ್ದರೆ ಹಿತ್ತಾಳೆಯಲ್ಲಿ ಜ್ವಾಲೆ ಕಾಣುವುದಿಲ್ಲ. ಶ್ಯಾಡೋ ತೆಗೆಯದಿದ್ದರೆ ಮೆಶ್ಶಿನೊಳಗಿರುವ ಪಾಯಿಂಟ್ ಲೈಟ್‌ಗೆ ಅದೇ ಅಡ್ಡ ನಿಲ್ಲುತ್ತದೆ.

ಆಮೇಲೆ ರೆಂಡರ್ ಸೆಟ್ಟಿಂಗ್ಸ್‌ನ ಲೈಟ್ ಪಾತ್ಸ್‌ನಲ್ಲಿ ಕ್ಲ್ಯಾಂಪಿಂಗ್ (ಅತಿಯಾದ ಬೆಳಕಿಗೆ ಮಿತಿ) ಇದೆ. ಇನ್‌ಡೈರೆಕ್ಟ್ ಲೈಟ್ 10 ಇರುತ್ತದೆ, 3ಕ್ಕೆ ಇಳಿಸಿ. ಡೈರೆಕ್ಟ್ ಲೈಟ್ ಮುಟ್ಟಬೇಡಿ. ಕಾಸ್ಟಿಕ್ಸ್‌ನಲ್ಲಿ (ಹೊಳೆಯುವ ವಸ್ತುವಿನಿಂದ ಚಿಮ್ಮಿ ಬೇರೆ ಕಡೆ ಬೀಳುವ ಬೆಳಕು) ರಿಫ್ಲೆಕ್ಟಿವ್ ಟಿಕ್ ತೆಗೆದರೆ ಚುಕ್ಕಿ ಪೂರಾ ಹೋಗುತ್ತವೆ, ನಿಜ. ಆದರೆ ಹಣತೆಯಿಂದ ಗೋಡೆಗೆ ಹಾರುವ ಆ ಹೊಂಬಣ್ಣದ ಬೆಳಕೂ ಅದರ ಜೊತೆಗೇ ಹೋಗುತ್ತದೆ. ನಾನಾಗಿದ್ದರೆ ಅದನ್ನು ಉಳಿಸಿಕೊಂಡು, ಅಲ್ಲೇ ಇರುವ ಫಿಲ್ಟರ್ ಗ್ಲಾಸಿ 1ರಿಂದ 2ಕ್ಕೆ ಏರಿಸಿ, ಚುಕ್ಕಿ ಒರೆಸುವ ಡಿನಾಯ್ಸ್ ಆನ್ ಮಾಡುತ್ತಿದ್ದೆ. ಇದರ ಮೇಲೂ ಒಂದೆರಡು ಚುಕ್ಕಿ ಉಳಿದರೆ ಆ ಜಾಗದ ಕ್ಲೋಸಪ್ ಹಾಕಿ, ನೋಡೋಣ.